ಸ್ಟೀರಿಂಗ್ ರಾಯರು

ಹಳೆಯ ಕಾರಿನ ಪವರ್ ಸ್ಟೀರಿಂಗ್ ಎಣ್ಣೆ ಸೋರುವುದು ದೊಡ್ಡ ಕಾಯಿಲೆಯೇನಲ್ಲ. ಅದನ್ನು ವರ್ಷಗಟ್ಟಲೆ ಸೋರಲು ಬಿಟ್ಟು, ಸೋರಿದ್ದರ ಬಗ್ಗೆ ದಿನವೂ ಮಾತಾಡುವುದು ಕಾಯಿಲೆ. ಮೊದಲನೆಯದು ಕಾರಿಗೆ ಬರುತ್ತದೆ, ಎರಡನೆಯದು ಯಜಮಾನರಿಗೆ. ಈ ಯಜಮಾನರು ಎಲ್ಲ ಊರಿನಲ್ಲೂ ಇದ್ದಾರೆ. ಆದರೆ ಕೋಲ್ಕತ್ತದ ರಾಯರಷ್ಟು ಹುಲುಸಾದ ತಳಿ ಬೇರೆ ಕಡೆ ಕಾಣಸಿಗುವುದು ಕಡಿಮೆ.

ರಾಯರು ಎಂದರೆ ಒಬ್ಬರಲ್ಲ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ ಎಂದು ಕರಾವಳಿಯಲ್ಲಿ ಸಾಲುಸಾಲಾಗಿ ಬ್ಯಾಂಕು ಹುಟ್ಟಿದವಲ್ಲ, ಅವು ನಮ್ಮ ಹುಡುಗರನ್ನು ದೇಶದ ಮೂಲೆಮೂಲೆಗೆ ವರ್ಗ ಮಾಡಿದವು. "ಮೂರು ವರ್ಷ ಮಾತ್ರ ಮಾರಾಯ್ರೆ" ಎಂದು ಹೌರಾದಲ್ಲಿ ಇಳಿದವರಲ್ಲಿ ಕೆಲವರು ನಿವೃತ್ತರಾದರೂ ಊರಿಗೆ ಮರಳಲಿಲ್ಲ. ಲೇಕ್ ಮಾರ್ಕೆಟಿನ ಸುತ್ತ ಮನೆ ಮಾಡಿದರೆ ಕಾಫಿಪುಡಿ, ಕರಿಬೇವು, ಬಾಳೆಲೆ ಎಲ್ಲ ಕೈಗೆಟಕುವಾಗ ಮರಳುವ ದರ್ದಾದರೂ ಏನು? ಹೀಗೆ ಉಳಿದವರು, ಪಿಂಚಣಿ ಇರುವವರು, ಮಕ್ಕಳು ದೂರ ಇರುವವರು, ಮನೆ ಮುಂದೆ ಒಂದು ಅಂಬಾಸಿಡರ್ ಇರುವವರು: ಇವರೆಲ್ಲ ಸೇರಿ ನಮ್ಮ ರಾಯರು.

ಕಾರು ಅಂಬಾಸಿಡರೇ ಆಗಬೇಕು. ಹೂಗ್ಲಿಯ ಆಚೆ ದಡದ ಉತ್ತರಪಾಡಾದಲ್ಲಿ ಹಿಂದೂಸ್ತಾನ್ ಮೋಟರ್ಸಿನವರು 1950ರ ದಶಕದ ಕೊನೆಯಿಂದ 2014ರ ಮೇ ತಿಂಗಳವರೆಗೆ ಕಟ್ಟಿದ ಗಾಡಿ. ರಾಯರದು ಕೊನೆಗಾಲದ್ದು, ಪವರ್ ಸ್ಟೀರಿಂಗ್ ಇರುವಂಥದ್ದು. 2017ರಲ್ಲಿ ಅಂಬಾಸಿಡರ್ ಎಂಬ ಹೆಸರನ್ನಷ್ಟೇ ಫ್ರಾನ್ಸಿನ ಪ್ಯೂಜೊ ಕಂಪೆನಿ 80 ಕೋಟಿಗೆ ಕೊಂಡಿತು ಎಂಬ ಸುದ್ದಿ ಬಂದಾಗಿನಿಂದ ಅವರ ನಡಿಗೆಯೇ ಬದಲಾಗಿದೆ. "ಬರೀ ಹೆಸರಿಗೇ ಅಷ್ಟಾದರೆ, ನನ್ನಲ್ಲಿ ಗಾಡಿಯೂ ಉಂಟಲ್ಲ?" ಎನ್ನುತ್ತಾರೆ.

ಆ ಗಾಡಿ ಕೆಂಪು ಹನಿ ಹಾಕುತ್ತದೆ.

ಮೊದಲ ಹನಿ ಕಂಡ ದಿನ ಬೇರೆಯವರಾಗಿದ್ದರೆ ಗ್ಯಾರೇಜಿಗೆ ಹೋಗುತ್ತಿದ್ದರು. ರಾಯರು ಹೋದದ್ದು ನೋಟುಪುಸ್ತಕ ತರಲು. ರಾತ್ರಿ ಕಾರಿನ ಮೂಗಿನ ಕೆಳಗೆ ಹಳೆ ಪೇಪರು ಹಾಸುವುದು, ಬೆಳಿಗ್ಗೆ ಕಾಫಿಗೆ ಮೊದಲೇ ಟಾರ್ಚು ಹಿಡಿದು ಮಂಡಿಯೂರಿ ನೋಡುವುದು, ತಾರೀಖು, ಜಾಗ, ಕಲೆಯ ಅಗಲ ಎಲ್ಲ ಬರೆದಿಡುವುದು. ಪದ್ಧತಿ ತಪ್ಪೇನಲ್ಲ. ಬಣ್ಣವಿಲ್ಲದ ನೀರಾದರೆ ಏಸಿಯದು, ಕೋಲ್ಕತ್ತದ ಸೆಕೆಗೆ ಅದು ಧಾರಾಳ ಬೀಳುತ್ತದೆ. ಕಪ್ಪಾದರೆ ಎಂಜಿನ್ ಎಣ್ಣೆ, ಅಲ್ಲಿಯವರ ಬಾಯಲ್ಲಿ ಮೋಬಿಲ್. ಹಸಿರಾದರೆ ರೇಡಿಯೇಟರಿನ ಕೂಲಂಟು. ಕೆಂಪಗೆ, ತೆಳ್ಳಗೆ, ಬೆರಳಿಗೆ ಜಾರಿದರೆ ಸ್ಟೀರಿಂಗಿನದು. ಇದಿಷ್ಟನ್ನೂ ರಾಯರು ಮನೆಗೆ ಬಂದ ಯಾರಿಗಾದರೂ, ಉಪ್ಪಿಟ್ಟಿನ ತಟ್ಟೆ ಕೈಯಲ್ಲಿರುವಾಗಲೇ, ಪೇಪರು ಬಿಡಿಸಿ ತೋರಿಸುತ್ತಾರೆ.

"ನನ್ನ ಬಿಪಿಯನ್ನು ಒಂದು ದಿನವಾದರೂ ಹೀಗೆ ಬರೆದಿಟ್ಟದ್ದುಂಟಾ?" ಎಂದು ಒಳಗಿನಿಂದ ಹೆಂಡತಿಯ ದನಿ ಬರುತ್ತದೆ. ರಾಯರಿಗೆ ಆ ಹೊತ್ತಿಗೆ ಕಿವಿ ಕೇಳುವುದಿಲ್ಲ.

ವಿದ್ಯೆಯಲ್ಲಿ ಕೊರತೆಯಿಲ್ಲ ಎಂಬುದೇ ತಮಾಷೆ. ಎಂಜಿನ್ನಿನ ಬೆಲ್ಟಿನಿಂದ ಪಂಪು ತಿರುಗುತ್ತದೆ, ಪಂಪು ಎಣ್ಣೆಯನ್ನು ಒತ್ತಿ ಹೋಸ್ ಪೈಪಿನಲ್ಲಿ ಕಳಿಸುತ್ತದೆ, ಅದು ರ‍್ಯಾಕಿನೊಳಗೆ ಹೋಗಿ ಚಕ್ರ ತಿರುಗಿಸಲು ಕೈಕೊಟ್ಟು ಇನ್ನೊಂದು ಪೈಪಿನಲ್ಲಿ ಡಬ್ಬಿಗೆ ವಾಪಸಾಗುತ್ತದೆ. ಸೋರಿದರೆ ಪಂಪಿನ ಸೀಲ್, ಎರಡು ಪೈಪು, ರ‍್ಯಾಕಿನ ಸೀಲ್, ಹೆಚ್ಚಾಗಿ ಇಷ್ಟರಲ್ಲೇ ಎಲ್ಲೋ ಸೋರಬೇಕು. ಡಬ್ಬಿಯಲ್ಲಿ ಎಣ್ಣೆ ಇಳಿದರೆ ಗಾಳಿ ಹೊಕ್ಕು ಪಂಪು ಗೂಂಯ್ ಎನ್ನುತ್ತದೆ, ಎಣ್ಣೆ ನೊರೆಗಟ್ಟುತ್ತದೆ, ಹಾಗೇ ಓಡಿಸಿದರೆ ಪಂಪೇ ಹೋಗುತ್ತದೆ. ಇಷ್ಟೆಲ್ಲ ಬಲ್ಲ ರಾಯರು ಮಾಡುವ ಕೆಲಸ ಒಂದೇ, ಡಬ್ಬಿ ತುಂಬಿಸುವುದು. ರಿಪೇರಿಗೆ ಸಾವಿರಗಟ್ಟಲೆ, ಒಂದು ಬಾಟಲಿ ಎಣ್ಣೆಗೆ ನೂರುಗಳ ಲೆಕ್ಕ ಎಂಬುದು ಅವರ ವಾದ. ವಾಪಸು ಬಾರದ ಸಾಲಕ್ಕೆ ಇನ್ನೊಂದು ಸಾಲ ಕೊಟ್ಟು ಖಾತೆ ಜೀವಂತವಿದೆಯೆಂದು ತೋರಿಸುವ ಕಲೆ ಮ್ಯಾನೇಜರುಗಿರಿಯಲ್ಲಿ ಕಲಿತದ್ದು, ಬಾನೆಟ್ಟಿನ ಕೆಳಗೂ ಉಪಯೋಗಕ್ಕೆ ಬಂದಿದೆ.

ಹಾಗೆಂದು ಪ್ರಯೋಗ ಮಾಡಲಿಲ್ಲವೆಂದಲ್ಲ. ಸೋರಿಕೆ ನಿಲ್ಲಿಸುವ ದ್ರವವೊಂದನ್ನು ಡಬ್ಬಿಗೆ ಸುರಿದರು. ಅದು ಗಟ್ಟಿಯಾದ ರಬ್ಬರು ಸೀಲನ್ನು ಕೊಂಚ ಉಬ್ಬಿಸುತ್ತದೆ, ಸ್ವಲ್ಪ ಕಾಲ ಹನಿ ನಿಲ್ಲುತ್ತದೆ, ಹರಿದ ಸೀಲಿಗೆ ಮಾತ್ರ ಅದರಿಂದ ಏನೂ ಆಗದು. ಆಮೇಲೆ ಒತ್ತಡದ ಪೈಪಿನ ಗಂಟಿಗೆ ಎಂ-ಸೀಲ್ ಮೆತ್ತಿ, ಮೇಲೆ ಸೈಕಲ್ ಟ್ಯೂಬು ಸುತ್ತಿದರು. ಪೆಟ್ರೋಲ್ ಟ್ಯಾಂಕು ಸೋರಿದರೆ ಬಾರ್ ಸೋಪು ಉಜ್ಜಿ ಮನೆ ಸೇರಿದ ತಲೆಮಾರು ಅವರದು. ಆದರೆ ಟೈರಿನ ಗಾಳಿ 30 ಪೌಂಡಿನ ಸುಮಾರಿಗೆ ಇದ್ದರೆ, ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ಹಿಡಿದಾಗ ಈ ಪೈಪಿನ ಒತ್ತಡ ಸಾವಿರ ಪೌಂಡು ದಾಟುತ್ತದೆ. ಸೈಕಲ್ ಟ್ಯೂಬು ಮೊದಲ ತಿರುವಿನಲ್ಲೇ ಕೈಬಿಟ್ಟಿತು. ಎಣ್ಣೆ ಬಿಸಿ ಸೈಲೆನ್ಸರ್ ಕೊಳವೆಯ ಮೇಲೆ ಚಿಮ್ಮಿ ಹೊಗೆ ಎದ್ದಿತು. ಬೆಂಕಿ ಹತ್ತಲಿಲ್ಲ, ಅದು ಅದೃಷ್ಟ.

ಒಂದು ವಿಷಯದಲ್ಲಿ ಮಾತ್ರ ರಾಯರಿಗೆ ಕೈ ಮುಗಿಯಬೇಕು. ಪಕ್ಕದ ಮನೆಯ ದಾದಾ "ಎಣ್ಣೆ ಮುಗಿದಿದ್ದರೆ ಬ್ರೇಕ್ ಆಯಿಲ್ ಹಾಕಿ, ಎರಡೂ ಒಂದೇ" ಎಂದಾಗ ಅವರು ಬಾಟಲಿಯನ್ನು ಕಿತ್ತುಕೊಂಡೇಬಿಟ್ಟರು. ಸಾಮಾನ್ಯ ಬ್ರೇಕ್ ಆಯಿಲ್ ಗ್ಲೈಕಾಲ್ ಜಾತಿಯದು, ಖನಿಜ ತೈಲಕ್ಕೆಂದು ಮಾಡಿದ ಸೀಲುಗಳನ್ನು ಉಬ್ಬಿಸಿ ಕೆಡಿಸುತ್ತದೆ. ಆ ಸಂಜೆ ಇಡೀ ಪಾಡಾಕ್ಕೆ, ಅಂದರೆ ಕೇರಿಗೆ, ಈ ಕುರಿತು ಬಂಗಾಳಿಯಲ್ಲಿ, ಉಡುಪಿಯ ರಾಗದಲ್ಲಿ, ಉಪನ್ಯಾಸವಾಯಿತು. ಮಣ್ಣಿನ ಭಾಂಡದಲ್ಲಿ ಚಹಾ ಬಂತು. ಬಾನೆಟ್ ತೆರೆದ ಕಾರಿನ ಸುತ್ತ ನೆರೆದವರು ಸ್ಟೀರಿಂಗಿನಿಂದ ಹೊರಟು ಉತ್ತರಪಾಡಾ ಕಾರ್ಖಾನೆ ಮುಚ್ಚಿದ್ದಕ್ಕೆ ಯಾರು ಹೊಣೆ ಎಂಬಲ್ಲಿಗೆ ಹೋಗಿ, ಅಲ್ಲಿಂದ ಮೋಹನ್ ಬಗಾನ್–ಈಸ್ಟ್ ಬೆಂಗಾಲ್ ಫುಟ್‌ಬಾಲ್ ಪಂದ್ಯಕ್ಕೆ ದಾಟಿ, ರಾತ್ರಿ ಮನೆಗೆ ಹೋದರು. ಹನಿ ಬೀಳುತ್ತಲೇ ಇತ್ತು. ಆ ಹರಟೆಯ ಅಡ್ಡಾ ಕೈತಪ್ಪೀತೆಂಬ ಭಯಕ್ಕೇ ರಾಯರು ರಿಪೇರಿ ಮಾಡಿಸಲಿಲ್ಲವೋ ಏನೋ.

ರಿಪೇರಿ ಮಾಡಿಸಿದ್ದು ಮಳೆ. ಜೋರು ಮಳೆಗೆ ಉತ್ತರ ಕೋಲ್ಕತ್ತದ ಠಂಠನಿಯಾದಲ್ಲಿ ಮೊಣಕಾಲು ನೀರು ನಿಲ್ಲುವುದು ಆ ಊರಿನ ಮಕ್ಕಳಿಗೂ ಗೊತ್ತು. ರಾಯರ ಕಾರು ಅದರಲ್ಲಿ ಇಳಿಯಿತು, ಬೆಲ್ಟು ಒದ್ದೆಯಾಗಿ ಜಾರಿತು, ಪಂಪು ತಿರುಗಲಿಲ್ಲ, ಸ್ಟೀರಿಂಗು ಕಲ್ಲಾಯಿತು. ಪಕ್ಕದಲ್ಲೇ ಹಳದಿ ಟ್ಯಾಕ್ಸಿಯೊಂದು, ಅದೂ ಅಂಬಾಸಿಡರೇ, ಪವರ್ ಸ್ಟೀರಿಂಗಿನ ಹಂಗಿಲ್ಲದೆ ಡ್ರೈವರನ ತೋಳಬಲದಲ್ಲೇ ತಿರುಗಿಕೊಂಡು ಹೋಯಿತು. ಡ್ರೈವರು ನಕ್ಕನೆಂದು ರಾಯರು ಹೇಳುತ್ತಾರೆ. ಆ ನಗು ಹೆಂಡತಿಯ ಮಾತಿಗಿಂತ ಚುರುಕಾಗಿ ಕೆಲಸ ಮಾಡಿತು.

ಮಲ್ಲಿಕ್ ಬಜಾರ್ ಎಂದರೆ ಹಳೆ ಗಾಡಿಗಳ ಬಿಡಿಭಾಗಗಳ ಪೇಟೆ, ಪಾರ್ಕ್ ಸ್ಟ್ರೀಟ್ ದಾಟಿದ ಕೂಡಲೇ. ಅಲ್ಲಿಯ ಮಿಸ್ತ್ರಿ ರಾಯರ ನೋಟುಪುಸ್ತಕವನ್ನು ತೆರೆಯಲೇ ಇಲ್ಲ. ಕಾರಿನ ಕೆಳಗೆ ತೂರಿ, ರ‍್ಯಾಕಿನ ತುದಿಯ ರಬ್ಬರು ಬೂಟಿನ ಕ್ಲಿಪ್ಪು ಸಡಿಲಿಸಿದ. ಬೂಟಿನೊಳಗಿಂದ ಕೆಂಪು ಎಣ್ಣೆ ಬಳಬಳ ಸುರಿಯಿತು. "ದಾದಾ, ಸೀಲ್ ಗ್ಯಾಛೆ." ಸೀಲ್ ಹೋಗಿದೆ, ಇಷ್ಟೇ ಪಂಚನಾಮೆ. ಬೂಟು ಎಂದೋ ಹರಿದಿತ್ತು. ಅದರಲ್ಲಿ ಮಳೆನೀರು, ಕೆಸರು ಹೊಕ್ಕು ಸ್ಟೀರಿಂಗಿನ ದಂಡಕ್ಕೆ ತುಕ್ಕು ಹಿಡಿದಿತ್ತು. ತುಕ್ಕಿನ ಗುಳಿಗಳು ಸೀಲನ್ನು ಕೊರೆದಿದ್ದವು. ಬರೀ ಹೊಸ ಸೀಲ್ ಹಾಕಿದರೆ ಅದನ್ನೂ ಕೊರೆಯುತ್ತವೆ, ಆದ್ದರಿಂದ ದಂಡವನ್ನೂ ಬದಲಿಸಬೇಕು ಎಂದ. ಆರಂಭದಲ್ಲೇ ಬೂಟು ಹಾಕಿಸಿದ್ದರೆ ಸಾಕಿತ್ತು, ಅದು ಈ ಎಲ್ಲದರಲ್ಲಿ ಅತ್ಯಂತ ಅಗ್ಗದ ಸಾಮಾನು.

ಕೊನೆಗೆ ಮುಂದಿನ ಚಕ್ರ ಎತ್ತಿ, ಎಂಜಿನ್ ನಿಲ್ಲಿಸಿ, ಹೊಸ ಎಣ್ಣೆ ಹಾಕಿ, ಗಾಳಿಗುಳ್ಳೆ ನಿಲ್ಲುವವರೆಗೆ ಸ್ಟೀರಿಂಗನ್ನು ಆ ಕಡೆಯಿಂದ ಈ ಕಡೆಗೆ ನಿಧಾನ ತಿರುಗಿಸುವ ಕೆಲಸ ರಾಯರ ಪಾಲಿಗೆ ಬಂತು. ಇಷ್ಟು ವರ್ಷಗಳಲ್ಲಿ ಈ ರೋಗಕ್ಕೆ ಅವರು ಮಾಡಿದ ನಿಜವಾದ ಚಿಕಿತ್ಸೆ ಅದೊಂದೇ, ಚೆನ್ನಾಗಿಯೇ ಮಾಡಿದರು.

ಕಾರು ಈಗ ಸೋರುವುದಿಲ್ಲ. ರಾಯರು ಬೇರೆಯವರ ಕಾರು ನೋಡಲು ಹೋಗುತ್ತಾರೆ. ಕೋಲ್ಕತ್ತದಲ್ಲಿ ನಿಮ್ಮ ಗಾಡಿಯ ಕೆಳಗೆ ಕೆಂಪು ಹನಿ ಕಂಡರೆ ಮೊದಲು ಬೂಟು ನೋಡಿಸಿ, ಮಿಸ್ತ್ರಿಯನ್ನು ಕರೆಯಿರಿ. ರಾಯರನ್ನೂ ಕರೆಯಬಹುದು, ಟಾರ್ಚು ಅವರೇ ತರುತ್ತಾರೆ. ಸಂಜೆ ಬೇರೆ ಕೆಲಸ ಮಾತ್ರ ಇಟ್ಟುಕೊಳ್ಳಬೇಡಿ.