ಪಡವಲಕಾಯಿಯ ನಾಡಿ

ಸಿ.ವಿ. ರಾಮನ್ ನಗರದ ರಕ್ಷಣಾ ಪ್ರಯೋಗಾಲಯವೊಂದರಲ್ಲಿ ಜೀವಮಾನವಿಡೀ ರಾಡಾರ್ ಜೊತೆ ಏಗಿ ನಿವೃತ್ತರಾದ ಹಿರಿಯರೊಬ್ಬರಿಗೆ ಕಗ್ಗದಾಸಪುರದ ಅವರ ಬೀದಿಯ ಮಕ್ಕಳು ಇಟ್ಟ ಹೆಸರು ರಾಡಾರ್ ಅಂಕಲ್. ಹೆಸರು ಸುಮ್ಮನೆ ಬಂದದ್ದಲ್ಲ. ಯಾರ ಮನೆಗೆ ಸಿಲಿಂಡರ್ ಬಂತು, ಯಾರ ಕಾರಿಗೆ ಯಾರ ಸ್ಕೂಟರ್ ತಾಗಿತು ಎಂಬುದನ್ನೆಲ್ಲ ಬಾಲ್ಕನಿಯಲ್ಲಿ ಕೂತೇ ಪತ್ತೆ ಹಚ್ಚುತ್ತಾರೆ. ಪರದೆಯ ಮೇಲೆ ಕಾಣುವುದು ವಿಮಾನವೋ ಹಕ್ಕಿಗಳ ಹಿಂಡೋ ಎಂದು ಬೇರ್ಪಡಿಸುವುದರಲ್ಲೇ ಅನ್ನ ಕಂಡುಕೊಂಡಿದ್ದ ಇಂಥವರು, ಅರವತ್ತು ದಾಟಿದ ಮೇಲೆ ಕೈಗಡಿಯಾರದ ಅಡಿಯಲ್ಲಿ ಮಿನುಗುವ ಹಸಿರು ದೀಪವೊಂದಕ್ಕೆ ಶರಣಾದರು.

ಗಡಿಯಾರ ಬಂದದ್ದು ಆಸ್ಟಿನ್‌ನಲ್ಲಿರುವ ಮಗಳ ಕಡೆಯಿಂದ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ತೀರಿಕೊಂಡಾಗ ಇಡೀ ಕರ್ನಾಟಕ ತನ್ನ ಎದೆ ಮುಟ್ಟಿ ನೋಡಿಕೊಂಡಿತ್ತು. ಅಷ್ಟು ಕಸರತ್ತು ಮಾಡುವ ಹುಡುಗನಿಗೇ ಹೀಗಾದರೆ ನಮ್ಮ ಗತಿಯೇನು ಎಂದು ಜಯದೇವ ಆಸ್ಪತ್ರೆಯಲ್ಲಿ ತಪಾಸಣೆಗೆ ಸಾಲು ನಿಂತವರು ಎಷ್ಟೋ ಮಂದಿ. ದೂರದಲ್ಲಿದ್ದ ಮಕ್ಕಳಿಗೆ ಸಾಲು ನಿಲ್ಲಲಾಗದು. ಅವರು ಗಡಿಯಾರ ಕಳಿಸಿದರು. "ಅಪ್ಪಾ, ವಾಕಿಂಗ್ ಹೋಗುವಾಗ ಕಟ್ಟಿಕೋ, ಇಲ್ಲಿ ನನಗೆ ಕಾಣುತ್ತೆ" ಅಂದಳು ಮಗಳು. ಜೀವನಪೂರ್ತಿ ಬೇರೆಯವರನ್ನು ಪರದೆಯ ಮೇಲೆ ನೋಡಿದವರು ಈಗ ತಾವೇ ಒಂದು ಚುಕ್ಕೆಯಾದರು.

ಗಡಿಯಾರ ಮೊದಲು ಕೇಳಿದ್ದು ವಯಸ್ಸನ್ನು. 220ರಲ್ಲಿ 64 ಕಳೆದು, ನಿಮ್ಮ ಹೃದಯ ನಿಮಿಷಕ್ಕೆ ಹೆಚ್ಚೆಂದರೆ 156 ಸಲ ಬಡಿಯಬಹುದು ಎಂದು ಲೆಕ್ಕ ಒಪ್ಪಿಸಿತು. ಅದರಲ್ಲಿ ಶೇ. 60ರಿಂದ 70, ಅಂದರೆ 94ರಿಂದ 109, ಎರಡನೇ ಝೋನು. ಕೊಬ್ಬು ಕರಗುವುದು ಅಲ್ಲೇ ಎಂದು ಮೇನ್ ರೋಡಿನ ಜಿಮ್ ಹುಡುಗ ಒತ್ತಿ ಹೇಳಿದ. ಅಂದಿನಿಂದ ಅಂಕಲ್ ವಾಕಿಂಗ್ ಮಾಡುವುದನ್ನು ಬಿಟ್ಟು ಝೋನು ಕಾಯತೊಡಗಿದರು. 110 ಆದರೆ ಗಕ್ಕನೆ ನಿಲ್ಲುವುದು, 93ಕ್ಕೆ ಇಳಿದರೆ ದಡಬಡ ಓಡುವುದು. ಕಗ್ಗದಾಸಪುರ ಕೆರೆಯ ದಾರಿಯಲ್ಲಿ ಇವರ ಬೆನ್ನ ಹಿಂದೆ ಬರುತ್ತಿದ್ದವರಿಗೆ ಬ್ರೇಕ್ ಲೈಟಿಲ್ಲದ ಆಟೋ ಹಿಂದೆ ಗಾಡಿ ಓಡಿಸಿದ ಅನುಭವ.

ಆ 220ರ ಹುಟ್ಟಿನ ಕಥೆ ತಿಳಿದಾಗ ಅವರಿಗೆ ನಿಜಕ್ಕೂ ಮೈ ಉರಿಯಿತು. 1971ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಫಾಕ್ಸ್, ವಿಲಿಯಂ ಹ್ಯಾಸ್ಕೆಲ್ ಮತ್ತು ಜೊತೆಯವರು, ಬೇರೆ ಬೇರೆ ಅಧ್ಯಯನಗಳ ಅಂಕಿಗಳನ್ನು ಒಂದೇ ನಕ್ಷೆಯ ಮೇಲೆ ಚುಕ್ಕೆಗಳಾಗಿ ಹಾಕಿ, ನಡುವೆ ಅಂದಾಜಿನ ಗೆರೆಯೊಂದನ್ನು ಕಂಡರು. ನೆನಪಿಟ್ಟುಕೊಳ್ಳಲು ಸುಲಭವಾದ ಕಾರಣ ಅದು ಜಗತ್ತಿನ ಜಿಮ್‌ಗಳ ಗೋಡೆಗೆಲ್ಲ ಹತ್ತಿತು. 2001ರಲ್ಲಿ ಹಿರೋಫುಮಿ ತನಾಕಾ ಮತ್ತು ಸಂಗಡಿಗರು ಸಾವಿರಾರು ಜನರ ಅಂಕಿಗಳನ್ನು ಕಲೆಹಾಕಿ ಬೇರೆ ಸೂತ್ರ ಕೊಟ್ಟರು: ವಯಸ್ಸನ್ನು 0.7ರಿಂದ ಗುಣಿಸಿ 208ರಲ್ಲಿ ಕಳೆಯಿರಿ. ಅಂಕಲ್ ಲೆಕ್ಕ ಹಾಕಿದರು, 163 ಬಂತು. ಕೂತಲ್ಲೇ ಏಳು ಬಡಿತ ಲಾಭ! ಆದರೆ ಒಂದೇ ವಯಸ್ಸಿನ ಇಬ್ಬರ ನಡುವೆ ಹತ್ತು ಹನ್ನೆರಡು ಬಡಿತದ ಅಂತರ ಮಾಮೂಲು, ಹಾಗಾಗಿ ಎರಡು ಸೂತ್ರಗಳೂ ಅಂದಾಜೇ ಎಂದು ಓದಿದ ಮೇಲೆ ಆ ಸಂತೋಷವೂ ಕರಗಿತು. ಕೊಬ್ಬು ಮಾತ್ರ ಹಾಗೇ ಇತ್ತು.

ಇನ್ನು ಕಾಲಿನ ಕಥೆ. ರಕ್ತ ಕೆಂಪಗೆ ಕಾಣುವುದೇ ಅದು ಕೆಂಪು ಬೆಳಕನ್ನು ವಾಪಸ್ ಕಳಿಸಿ ಹಸಿರನ್ನು ನುಂಗುವುದರಿಂದ. ಗಡಿಯಾರದ ಹೊಟ್ಟೆಯ ಹಸಿರು ದೀಪ ಚರ್ಮದೊಳಗೆ ಬೆಳಕು ಬಿಡುತ್ತದೆ. ಹೃದಯ ಬಡಿದಾಗ ರಕ್ತನಾಳ ಉಬ್ಬಿ ಹೆಚ್ಚು ಹಸಿರು ಒಳಗೇ ಉಳಿಯುತ್ತದೆ, ಮುಂದಿನ ಬಡಿತದವರೆಗೆ ಕಡಿಮೆ. ಈ ಏರಿಳಿತವನ್ನು ಎಣಿಸಿದರೆ ನಾಡಿ. ತೊಂದರೆ ಏನೆಂದರೆ, ಕೈ ಬೀಸಿ ನಡೆಯುವಾಗಲೂ ರಕ್ತ ಕುಲುಕುತ್ತದೆ, ಪಟ್ಟಿ ಅಲುಗುತ್ತದೆ. ಬಿರುಸಾಗಿ ನಡೆಯುವವರ ಹೆಜ್ಜೆ ನಿಮಿಷಕ್ಕೆ ನೂರಹತ್ತು ನೂರಿಪ್ಪತ್ತರ ಆಸುಪಾಸು, ನಾಡಿಯೂ ಅದರ ಹತ್ತಿರದಲ್ಲೇ. ಗಡಿಯಾರಕ್ಕೆ ಯಾವುದು ಎದೆ, ಯಾವುದು ಕಾಲು ಎಂದು ಗೊತ್ತಾಗದೆ ಕಾಲನ್ನೇ ಎಣಿಸಿಬಿಡುತ್ತದೆ. ನೆಲ, ಗುಡ್ಡ, ಮರಗಳಿಂದ ಬರುವ ಬೇಡದ ಪ್ರತಿಧ್ವನಿಗೆ ರಾಡಾರಿನವರು ಕ್ಲಟರ್ ಅನ್ನುತ್ತಾರೆ. ಅದನ್ನು ಸೋಸುವುದೇ ಅಂಕಲ್ ಅವರ ನೌಕರಿಯಾಗಿತ್ತು. ಅಂಥವರು ಬೆಳಗಿನ ಹೊತ್ತು ತಮ್ಮ ಹೆಜ್ಜೆಯನ್ನೇ ಹೃದಯವೆಂದು ನಂಬಿ, ನಿಧಾನವಾಗಿ ಕಾಲೆತ್ತಿಟ್ಟು, "ನೋಡಿ, ನನ್ನ ಹಾರ್ಟು ಹೇಳಿದ ಮಾತು ಕೇಳುತ್ತೆ" ಎಂದು ಬೀಗುತ್ತಿದ್ದರು.

ಅನುಮಾನ ಹುಟ್ಟಿದ ಮೇಲೆ ಅಲಮಾರಿನಿಂದ ಎಚ್‌ಎಂಟಿ ಹೊರಗೆ ಬಂತು. ಮದುವೆಗೆ ಮಾವ ಕೊಟ್ಟಿದ್ದು, ಜಾಲಹಳ್ಳಿಯಲ್ಲಿ ತಯಾರಾಗಿದ್ದು, ದಿನಾ ಕೀ ಕೊಡಬೇಕಾದದ್ದು. ಎಡಗೈಯಲ್ಲಿ ಅದು, ಬಲಗೈಯಲ್ಲಿ ಇದು. ನಡುದಾರಿಯಲ್ಲಿ ನಿಂತು, ಕುತ್ತಿಗೆಗೆ ಬೆರಳಿಟ್ಟು, ಸೆಕೆಂಡ್ ಮುಳ್ಳು ನೋಡಿ ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದು. ಅವರಿಗೆ ಗೊತ್ತಿಲ್ಲದೆಯೇ ಅವರು ಮುನ್ನೂರು ವರ್ಷದ ಪರಂಪರೆಗೆ ಸೇರಿದ್ದರು: ಇಂಗ್ಲೆಂಡಿನ ವೈದ್ಯ ಜಾನ್ ಫ್ಲಾಯರ್ 1707ರಲ್ಲಿ, ಸರಿಯಾಗಿ ಒಂದು ನಿಮಿಷ ಓಡಿ ನಿಲ್ಲುವ ಗಡಿಯಾರ ಹಿಡಿದು ನಾಡಿ ಎಣಿಸುವುದರ ಬಗ್ಗೆ ಪುಸ್ತಕವನ್ನೇ ಬರೆದಿದ್ದ. ನಮ್ಮ ವೈದ್ಯರು ಎಣಿಕೆಗಿಂತ ನಡಿಗೆ ನೋಡಿದವರು. ಶಾರ್ಙ್ಗಧರ ಸಂಹಿತೆಯ ಪ್ರಕಾರ ವಾತದ ನಾಡಿ ಹಾವು, ಜಿಗಣೆಯಂತೆ ಸರಿಯುತ್ತದೆ, ಪಿತ್ತದ್ದು ಕಾಗೆ, ಕಪ್ಪೆಯಂತೆ ಕುಪ್ಪಳಿಸುತ್ತದೆ, ಕಫದ್ದು ಹಂಸ, ಪಾರಿವಾಳದಂತೆ ನಡೆಯುತ್ತದೆ. ಮೂವತ್ತು ಸಾವಿರ ರೂಪಾಯಿಯ ಗಡಿಯಾರಕ್ಕೆ ಕಪ್ಪೆಯೂ ಒಂದೇ ಪಾರಿವಾಳವೂ ಒಂದೇ.

ಬಾಗ್ಮನೆ ಟೆಕ್ ಪಾರ್ಕಿನಲ್ಲಿ ಕೆಲಸ ಮಾಡುವ ಎದುರುಮನೆ ಹುಡುಗ, ಪ್ರತಿವರ್ಷ ವರ್ಲ್ಡ್ 10ಕೆ ಓಡುವವನು, ಈ ದ್ವಿಗಡಿಯಾರ ವ್ರತ ನೋಡಿ ಮರುಗಿದ. "ಅಂಕಲ್, ಕೈದು ಬಿಡಿ, ಎದೆಗೆ ಕಟ್ಟೋ ಪಟ್ಟಿ ತಗೊಳ್ಳಿ." ಫಿನ್‌ಲೆಂಡಿನ ಪೋಲಾರ್ ಕಂಪನಿ 1977ರಲ್ಲಿ ಹುಟ್ಟಿದ್ದೇ ಓಟಗಾರರ, ಹಿಮದ ಮೇಲೆ ಜಾರುವವರ ನಾಡಿಯನ್ನು ಓಡುವಾಗಲೇ ಹಿಡಿಯಬೇಕೆಂಬ ಹಟದಿಂದ, 1982ರಲ್ಲಿ ಅವರು ತಂತಿಯಿಲ್ಲದ ಎದೆಪಟ್ಟಿ ಮತ್ತು ಕೈಗಡಿಯಾರದ ಜೋಡಿಯನ್ನು ಮಾರುಕಟ್ಟೆಗೆ ಬಿಟ್ಟರು. ಅದು ಬೆಳಕನ್ನು ನಂಬುವುದಿಲ್ಲ, ಇಸಿಜಿಯಂತೆ ಹೃದಯದ ವಿದ್ಯುತ್ತನ್ನೇ ಹಿಡಿಯುತ್ತದೆ. ಕಟ್ಟುವ ಮೊದಲು ಪಟ್ಟಿಯನ್ನು ಒದ್ದೆ ಮಾಡಬೇಕು ಅಷ್ಟೆ. ಡಿಸೆಂಬರಿನ ಬೆಳಗಿನ ಜಾವ ಒದ್ದೆ ಪಟ್ಟಿ ಎದೆಗೆ ತಾಗಿಸಿದಾಗ ಅಂಕಲ್ ನಾಡಿ ಎಷ್ಟು ಏರಿತೆಂದು ದಾಖಲಾಗಲಿಲ್ಲ; ಅವರು ಅದನ್ನು ಬಿಸಾಕಿ ಕಂಬಳಿ ಹೊದ್ದುಕೊಂಡಿದ್ದರು.

ಇಷ್ಟೆಲ್ಲ ನಡೆಯುವಾಗ ಆಂಟಿ ಸುಮ್ಮನಿದ್ದರು. ಅವರು ವಾಕಿಂಗ್ ಹೋಗುವವರಲ್ಲ. ಲಿಫ್ಟಿಲ್ಲದ ಮನೆಯ ಮೂರು ಮಹಡಿಯನ್ನು ಬಟ್ಟೆ ಒಣಹಾಕಲು, ಸಂಡಿಗೆ ಕಾಯಲು, ಮೋಟರ್ ಆಫ್ ಮಾಡಲು ಹತ್ತಿ ಇಳಿಯುವವರು. ಒಂದು ದಿನ ಅಂಕಲ್ ಕುತೂಹಲಕ್ಕೆ ಅವರ ಕೈಗೆ ಗಡಿಯಾರ ಕಟ್ಟಿದರು. ಹಸಿರು ಗಾಜಿನ ಬಳೆಗಳು ಸಾಲಾಗಿ ಜಾರಿ ಬಂದು ಪಟ್ಟಿಯನ್ನು ತಳ್ಳಿ, ಅಡಿಯಲ್ಲಿ ಬೆಳಕು ನುಗ್ಗಿ, ಒಮ್ಮೆ 140, ಒಮ್ಮೆ ಎರಡು ಗೀಟು ಮಾತ್ರ. ಬಳೆಗಳನ್ನು ಮೊಣಕೈ ಕಡೆ ಏರಿಸಿ, ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳು ಮೇಲೆ ಬಿಗಿಯಾಗಿ ಕಟ್ಟಿದ ಮೇಲೆ ಸರಿಹೋಯಿತು: ಕೂತಾಗ 62. ತಾರಸಿಗೆ ಹೋಗಿ ಬಂದ ಮೇಲೆ 91, ನಿಮಿಷ ಕಳೆಯುವುದರೊಳಗೆ ಮತ್ತೆ 70. ವ್ಯಾಯಾಮ ನಿಲ್ಲಿಸಿದ ಮೇಲೆ ನಾಡಿ ಬೇಗ ಇಳಿದಷ್ಟೂ ಹೃದಯ ಗಟ್ಟಿ ಎಂದು ಅಂಕಲ್ ಓದಿದ್ದರು. ಓದಿದ್ದನ್ನು ಅವರು ಜೋರಾಗಿ ಹೇಳಲಿಲ್ಲ.

ಆಂಟಿ ಗಡಿಯಾರ ಬಿಚ್ಚಿ, ಮೊರದಲ್ಲಿದ್ದ ಪಡವಲಕಾಯಿಗೆ ಸುತ್ತಿ ಬಕಲ್ ಹಾಕಿದರು. ಹಸಿರು ದೀಪ ಒಂದೆರಡು ಸಲ ತಡವರಿಸಿತು. ಆಮೇಲೆ ಬಂತು: 74.

"ನಿಮಗಿಂತ ಚೆನ್ನಾಗಿದೆ ರೀ. ಕೂಟು ಮಾಡೋಕೆ ಮನಸ್ಸೇ ಬರ್ತಿಲ್ಲ."

ಇದು ಕಗ್ಗದಾಸಪುರದ ಪವಾಡವೇನಲ್ಲ. ಬಾಳೆಹಣ್ಣಿಗೆ, ಬಚ್ಚಲಿನ ಪೇಪರ್ ಸುರುಳಿಗೆ ಇಂಥ ಪಟ್ಟಿ ಕಟ್ಟಿ ನಾಡಿ ಬರಿಸಿದವರು ಲೋಕದಲ್ಲೆಲ್ಲ ಇದ್ದಾರೆ. ವಾಪಸ್ ಬಂದ ಬೆಳಕಿನ ಗೋಜಲಿನಲ್ಲಿ ಹೇಗಾದರೂ ಒಂದು ಲಯ ಹುಡುಕು ಎಂದು ಆ ಯಂತ್ರಕ್ಕೆ ಹೇಳಿಕೊಟ್ಟಿದೆ. ತರಕಾರಿಯೋ ತಾತನೋ ಎಂದು ಕೇಳಲು ಹೇಳಿಕೊಟ್ಟಿಲ್ಲ. ಹಾಗೆಂದು ಗಡಿಯಾರ ದಂಡವೆಂದು ಗೇಲಿ ಮಾಡಿ ಮುಗಿಸುವಂತೆಯೂ ಇಲ್ಲ. ಸುಮ್ಮನೆ ಕೂತಾಗ ಅದು ತಕ್ಕಮಟ್ಟಿಗೆ ಸತ್ಯವಂತನೇ.

ಕೂತಾಗಿನ ಸತ್ಯವೇ ಅಂಕಲ್ ಮಾನ ಕಳೆದದ್ದು. ಹೊಸೂರು ಮಾರ್ಗದ ರೈಲು ಹಾಯುವ ಕಗ್ಗದಾಸಪುರ ಗೇಟಿನಲ್ಲಿ, ಗೇಟು ಬಿದ್ದು, ಎರಡೂ ಕಡೆಯವರು ರಸ್ತೆಯ ಪೂರ್ತಿ ಅಗಲಕ್ಕೆ ಎದುರುಬದುರಾಗಿ ಗಾಡಿ ತಂದು ನಿಲ್ಲಿಸಿ, ಗೇಟೆದ್ದ ಮೇಲೆ ಯಾರೂ ಅಲ್ಲಾಡಲಾಗದ ಆ ಪ್ರಸಿದ್ಧ ಸ್ಥಿತಿಯಲ್ಲಿ ಸ್ಕೂಟರ್ ಮೇಲೆ ಕೂತಿದ್ದ ಅಂಕಲ್ ನಾಡಿ 108. ಶುದ್ಧ ಎರಡನೇ ಝೋನು! ಒಂದು ಹೆಜ್ಜೆ ಇಡದೆ ಆ ದಿನದ ವ್ಯಾಯಾಮದ ಗುರಿ ಮುಗಿಯಿತೆಂದು ಗಡಿಯಾರ ಪಟಾಕಿ ಹೊಡೆದು ಅಭಿನಂದಿಸಿತು.

2023ರ ಆಗಸ್ಟ್ 23ರ ಸಂಜೆ ಇನ್ನೂ ಜೋರು. ಚಂದ್ರಯಾನ-3ರ ವಿಕ್ರಮ್ ಚಂದ್ರನ ಕಡೆ ಇಳಿಯತೊಡಗಿತ್ತು. ಅಂಕಲ್ ಸೋಫಾದ ತುದಿಯಲ್ಲಿ. 2019ರಲ್ಲಿ ಕೊನೇ ಗಳಿಗೆಯಲ್ಲಿ ಸಂಕೇತ ಕಡಿದುಹೋದ ರಾತ್ರಿಯನ್ನು ನೋಡಿದವರು. ಸಂಕೇತ ಕಡಿಯುವುದೆಂದರೆ ಏನೆಂದು ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ. ವೇಗ ಇಳಿದಂತೆಲ್ಲ ಇವರ ಬಡಿತ ಏರಿತು. 6 ಗಂಟೆ 4 ನಿಮಿಷಕ್ಕೆ ವಿಕ್ರಮ್ ನೆಲ ಮುಟ್ಟಿದಾಗ ಟಿವಿಯಲ್ಲಿ ಚಪ್ಪಾಳೆ, ಬೀದಿಯಲ್ಲಿ ಸರಪಟಾಕಿ, ಮಣಿಕಟ್ಟಿನಲ್ಲಿ ಗುರ್ ಎಂಬ ಎಚ್ಚರಿಕೆ: ನೀವು ವಿಶ್ರಾಂತಿಯಲ್ಲಿದ್ದೀರಿ, ನಾಡಿ 120 ದಾಟಿದೆ. ಎಚ್ಚರಿಕೆ ಆಸ್ಟಿನ್‌ಗೂ ಹೋಯಿತು. ಅಲ್ಲಿ ಬೆಳಿಗ್ಗೆ ಏಳೂವರೆ. ಮಗಳು ಗಾಬರಿಯಿಂದ ಫೋನ್ ಮಾಡಿದಳು.

"ಅಪ್ಪಾ, ಏನಾಯ್ತು?"

"ಇಳೀತು ಕಣಮ್ಮಾ!"

"ಎಷ್ಟಕ್ಕೆ ಇಳೀತು? ಇಲ್ಲಿ ಇನ್ನೂ 124 ತೋರಿಸ್ತಿದೆ!"

ಅದಾದ ಮೇಲೆ ಎಚ್ಚರಿಕೆಯ ಮಿತಿಯನ್ನು ಮಗಳು ಅಲ್ಲಿಂದಲೇ ಹೇಳಿ 130ಕ್ಕೆ ಏರಿಸಿದಳು. ಅಂಕಲ್ ಕಾಲು ಮತ್ತು ಎದೆಯ ವ್ಯಾಜ್ಯ ಬಿಟ್ಟುಕೊಟ್ಟಿದ್ದಾರೆ. ನಡೆಯುವಾಗ ಪಕ್ಕದವರೊಡನೆ ತಡೆಯಿಲ್ಲದೆ ಮಾತಾಡಲು ಉಸಿರಿದ್ದರೆ ಅದೇ ಎರಡನೇ ಝೋನು ಎಂದು ಡಾಕ್ಟರು ಹೇಳಿದ್ದರಿಂದ, ಮೂರು ಸುತ್ತೂ ತಡೆಯಿಲ್ಲದೆ ಮಾತಾಡುತ್ತಾರೆ. ಹಿಂದೆ ಡಿಕ್ಕಿ ಹೊಡೆಯುತ್ತಿದ್ದವರು ಈಗ ಮುಂದೆ ಓಡುತ್ತಾರೆ.

ಸದ್ಯಕ್ಕೆ ಅವರ ಗಮನವೆಲ್ಲ ನಿದ್ದೆಯ ಮೇಲಿದೆ. ಗಡಿಯಾರ ನಾಡಿಯನ್ನೂ ನೋಡಿ ನಿದ್ದೆಗೆ ಅಂಕ ಹಾಕುತ್ತದೆ. ಇಂಥ ಅಂಕದ ಚಿಂತೆಯಿಂದಲೇ ನಿದ್ದೆಗೆಟ್ಟ ರೋಗಿಗಳ ಬಗ್ಗೆ ಶಿಕಾಗೋದ ವೈದ್ಯರು 2017ರಲ್ಲೇ ಬರೆದಿದ್ದಾರೆ. ಮೊನ್ನೆ ನಡುರಾತ್ರಿ ಎದ್ದು ಕೂತ ಅಂಕಲ್ ಕೈ ಕಣ್ಣ ಹತ್ತಿರ ಹಿಡಿದು, "ನೋಡೇ, ನಿನ್ನೆ ಬರೀ 61 ಬಂದಿದೆ" ಎಂದು ಗೊಣಗಿದರು.

ಆಂಟಿ ಮಗ್ಗುಲು ಬದಲಿಸಿದರು. "ಫಸ್ಟ್ ಕ್ಲಾಸು ಬಂತಲ್ಲ, ಮಲಗ್ರೀ."