ಪುರುಸೊತ್ತಿಲ್ಲದ ರಾಯರು

ಕೃಷ್ಣರಾವ್ ಪಾರ್ಕಿನಲ್ಲಿ ಬೆಳಗ್ಗೆ ಆರೂವರೆಗೆ ಯಾರಾದರೂ 'ಸಾರ್' ಎಂದು ಕೂಗಿದರೆ ಇಪ್ಪತ್ತು ತಲೆ ಒಟ್ಟಿಗೆ ತಿರುಗುತ್ತವೆ. ಎಲ್ಲರೂ ಮಾಜಿ. ಮಾಜಿ ಚೀಫ್ ಎಂಜಿನಿಯರು, ಮಾಜಿ ಪ್ರಿನ್ಸಿಪಾಲರು, ಮಾಜಿ ಡೆಪ್ಯುಟಿ ಸೆಕ್ರೆಟರಿ. ಬಸವನಗುಡಿ 1898ರ ಪ್ಲೇಗಿನಿಂದಾಗಿ ಹುಟ್ಟಿದ ಬಡಾವಣೆ. ಪ್ಲೇಗು ಹೋಯಿತು, ಪೆನ್ಷನ್ನು ನೆಲೆ ನಿಂತಿತು. ಈ ಮಾಜಿಗಳ ನಡುವೆ ಕತ್ತು ತಿರುಗಿಸದೆ, ಕಿವಿಗೆ ಬಿಳಿ ಇಯರ್‌ಫೋನ್ ಸಿಕ್ಕಿಸಿಕೊಂಡು ದಾಪುಗಾಲು ಹಾಕುವವರೊಬ್ಬರಿದ್ದಾರಲ್ಲ, ಅವರೇ ನಮ್ಮ ರಾಯರು. ತಡೆದು ನಿಲ್ಲಿಸಿ ಮಾತಿಗೆಳೆದು ನೋಡಿ. "ಪುರುಸೊತ್ತಿಲ್ಲ ಕಣ್ರೀ, ಒಂಬತ್ತಕ್ಕೆ ಕಾಲ್ ಇದೆ."

ಇಂಥವರನ್ನು ನೀವೂ ಬಲ್ಲಿರಿ. ಮಲ್ಲೇಶ್ವರದಲ್ಲಿ ಇದ್ದಾರೆ, ಚಾಮರಾಜಪೇಟೆಯಲ್ಲೂ ಇದ್ದಾರೆ. ನಮ್ಮವರು ಬ್ಯಾಂಕಿಗೆ ಸ್ಟೆನೋ ಆಗಿ ಸೇರಿ, ದೊಡ್ಡ ಸಾಹೇಬರ ಪಿ.ಎ. ಆಗಿ, ಅರವತ್ತಕ್ಕೆ ಹಾರ, ಹಣ್ಣಿನ ಬುಟ್ಟಿ ಮತ್ತು ಒಂದು ಗೋಡೆ ಗಡಿಯಾರದೊಂದಿಗೆ ಮನೆಗೆ ಬಂದವರು. ಈಗ ನಡುಮನೆಯ ಪಕ್ಕದ ಕೋಣೆಯಲ್ಲಿ ಕೂತು ಕ್ಯಾಲಿಫೋರ್ನಿಯಾದ ಒಬ್ಬ ಮನೆ ದಲ್ಲಾಳಿಗೆ ವರ್ಚುಯಲ್ ಅಸಿಸ್ಟೆಂಟು. ಅವನ ಪತ್ರಗಳಿಗೆ ಉತ್ತರ ಬರೆಯುವುದು, ಅವನು ಯಾರನ್ನು ಎಷ್ಟು ಗಂಟೆಗೆ ನೋಡಬೇಕೆಂದು ಗೊತ್ತುಮಾಡುವುದು, ಮಾರಾಟದ ಮನೆಗಳ ವರ್ಣನೆ ತಿದ್ದುವುದು, ಅವನ ಹೆಂಡತಿಯ ಹುಟ್ಟುಹಬ್ಬ ನೆನಪಿಸುವುದು. ಕೊನೆಯದನ್ನು ಕೇಳಿ ರಾಯರ ಮನೆಯವರು ಹುಬ್ಬೇರಿಸಿದ್ದು ನ್ಯಾಯವೇ. ಅವರ ಹುಟ್ಟಿದ ದಿನ ರಾಯರಿಗೆ ಆಧಾರ್ ಕಾರ್ಡು ನೋಡದೆ ಗೊತ್ತಾಗುವುದಿಲ್ಲ.

ಈ ಗಿರಾಕಿ ಸಿಕ್ಕಿದ್ದು ಬಾಣಂತನದಲ್ಲಿ. ಮಗಳ ಹೆರಿಗೆಗೆಂದು ದಂಪತಿ ಆರು ತಿಂಗಳು ಫ್ರೀಮಾಂಟಿಗೆ ಹೋಗಿದ್ದರು. ಅಜ್ಜಿಗೆ ಅಲ್ಲಿ ಉಸಿರಾಡಲು ಬಿಡುವಿಲ್ಲ, ಅಜ್ಜನಿಗೆ ಉಸಿರಾಡುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಅಳಿಯನಿಗೆ ಮನೆ ಕೊಡಿಸಿದ ದಲ್ಲಾಳಿಯ ಪತ್ರವೊಂದು ಕಣ್ಣಿಗೆ ಬಿತ್ತು. ಅದರಲ್ಲಿ ಎರಡು ಕಾಮಾ ತಪ್ಪು. ರಾಯರು ಕೆಂಪು ಶಾಯಿಯಲ್ಲಿ ತಿದ್ದಿ ಕಳಿಸಿದರು. ದಲ್ಲಾಳಿ ಬೆರಗಾಗಿ ಕೆಲಸಕ್ಕೇ ಕರೆದ. ವಿಸಿಟರ್ ವೀಸಾದಲ್ಲಿ ದುಡಿಯಬಾರದೆಂಬ ನಿಯಮ ರಾಯರಿಗೆ ಕಂಠಪಾಠ. ಊರಿಗೆ ಮರಳಿ, ಜೆಟ್‌ಲ್ಯಾಗ್ ಇಳಿದು, ದಶಮಿ ನೋಡಿಕೊಂಡು ಡ್ಯೂಟಿಗೆ ಹಾಜರಾದರು.

ಮನೆಯಿಂದ ಕೆಲಸ ಅಂದರೆ ಮೇಲೆ ಶರ್ಟು, ಕೆಳಗೆ ಲುಂಗಿ ಎಂದು ನೀವು ಊಹಿಸಿದ್ದರೆ ರಾಯರಿಗೆ ಅವಮಾನ ಮಾಡಿದ ಹಾಗೆ. ಇಸ್ತ್ರಿ ಮಾಡಿದ ಪ್ಯಾಂಟು, ಬೆಲ್ಟು, ಜೇಬಿನಲ್ಲಿ ಎರಡು ಪೆನ್ನು. ಕ್ಯಾಮೆರಾ ಮಾತ್ರ ಸದಾ ಆಫ್. "ಪಂಚೆ ಉಟ್ಟುಕೊಂಡರೆ ಇಂಗ್ಲಿಷಿನಲ್ಲಿ ಬಿಗಿ ಬರಲ್ಲ" ಎನ್ನುತ್ತಾರೆ. ಆ ಇಂಗ್ಲಿಷು ಬ್ಯಾಂಕಿನದು. ದಲ್ಲಾಳಿ ಸಾಹೇಬ ಒಂದು ಸಾಲಿನಲ್ಲಿ ಕೇಳಿದ್ದಕ್ಕೆ ರಾಯರದು 'ವಿತ್ ರೆಫರೆನ್ಸ್ ಟು' ಎಂದು ಶುರುವಾಗಿ 'ಕೈಂಡ್ಲಿ ಡೂ ದ ನೀಡ್‌ಫುಲ್'ನಲ್ಲಿ ಮುಗಿಯುವ ಮೂರು ಪ್ಯಾರಾ. ಸಾಹೇಬನ ಮಾತನ್ನು ಈಗಲೂ ಪಿಟ್‌ಮನ್ ಶೀಘ್ರಲಿಪಿಯಲ್ಲೇ ಇಳಿಸಿಕೊಳ್ಳುತ್ತಾರೆ. ರೆಕಾರ್ಡ್ ಮಾಡಬಹುದಲ್ಲ ಅಂದರೆ, "ಯಂತ್ರ ಕೈಕೊಟ್ಟರೆ?" ಬಂದ ಪ್ರತಿ ಇ-ಮೇಲನ್ನೂ ಪ್ರಿಂಟು ತೆಗೆದು, ತೂತು ಹೊಡೆದು, ಟ್ಯಾಗು ಕಟ್ಟಿ ಫೈಲು ಮಾಡುತ್ತಾರೆ. ಅಮೆರಿಕದ ಆ ದಲ್ಲಾಳಿಯ ವ್ಯವಹಾರದ ಸಂಪೂರ್ಣ ಕಾಗದದ ದಾಖಲೆ ಜಗತ್ತಿನಲ್ಲಿ ಎಲ್ಲಾದರೂ ಇದ್ದರೆ ಅದು ಗಾಂಧಿ ಬಜಾರಿನ ಒಂದು ಅಟ್ಟದ ಮೇಲೆ, ನವರಾತ್ರಿ ಗೊಂಬೆಗಳ ಪೆಟ್ಟಿಗೆಯ ಪಕ್ಕದಲ್ಲಿ.

ಹಾಗೆಂದು ಅವರನ್ನು ಕಡೆಗಣಿಸಬೇಡಿ. ಮನೆ ವರ್ಣನೆಯಲ್ಲಿ ಮುಂಬಾಗಿಲು ಪೂರ್ವಕ್ಕಿದ್ದರೆ ಅದನ್ನು ಮೊದಲ ಸಾಲಿನಲ್ಲೇ ಹಾಕಬೇಕು ಎಂದು ಸಾಹೇಬನಿಗೆ ಕಲಿಸಿದವರೇ ರಾಯರು. ಫ್ರೀಮಾಂಟಿನಲ್ಲಿ ಮನೆ ಹುಡುಕುವ ನಮ್ಮ ಹುಡುಗರು ಈಜುಕೊಳ ಇಲ್ಲದಿದ್ದರೆ ಸಹಿಸಿಯಾರು, ದಕ್ಷಿಣದ ಬಾಗಿಲನ್ನು ಅವರ ತಾಯಂದಿರು ಸಹಿಸುವುದಿಲ್ಲ. ಈಗ ಸಾಹೇಬ ದಿಕ್ಸೂಚಿ ಹಿಡಿದೇ ಮನೆ ನೋಡಲು ಹೋಗುತ್ತಾನಂತೆ.

ಆನ್‌ಲೈನ್ ಕ್ಯಾಲೆಂಡರಿನಲ್ಲಿ ರಾಯರು ಸೋಮವಾರ ಏಳೂವರೆಯಿಂದ ಒಂಬತ್ತು, ಶುಕ್ರವಾರ ಹತ್ತೂವರೆಯಿಂದ ಹನ್ನೆರಡು, ಶನಿವಾರ ಒಂಬತ್ತರಿಂದ ಹತ್ತೂವರೆ, ಹೀಗೆ ದಿನಕ್ಕೊಂದು ಹೊತ್ತು 'ಆರ್.ಕೆ.' ಎಂದು ಬರೆದು ಮುಚ್ಚಿಟ್ಟಿದ್ದರು. ಸಾಹೇಬ ಮೂರು ತಿಂಗಳು ಸುಮ್ಮನಿದ್ದ. ಆಮೇಲೆ ತಡೆಯಲಾರದೆ ಕೇಳಿದ, ಈ ಆರ್.ಕೆ. ಯಾರು? ದಿನಾ ಒಂದೂವರೆ ಗಂಟೆ ತೆಗೆದುಕೊಳ್ಳುತ್ತಾನೆ, ಒಂದು ದಿನವೂ ರದ್ದು ಮಾಡುವುದಿಲ್ಲ, ನನಗಿಂತ ಹೆಚ್ಚು ಕೊಡುತ್ತಾನೆಯೆ? ಸುಳ್ಳು ಹೇಳುವುದು ರಾಯರ ಜಾಯಮಾನವಲ್ಲ. "ಅವರು ತಲೆತಲಾಂತರದಿಂದ ಬಂದವರು, ಬಿಡಲಾಗುವುದಿಲ್ಲ" ಎಂದರು. ಮುಂದಿನ ತಿಂಗಳಿಂದ ಸಂಬಳ ಏರಿತು. ರಾಹುವಿನಿಂದ ಲಾಭ ಪಡೆದವರು ನನಗೆ ತಿಳಿದಂತೆ ಇವರೊಬ್ಬರೇ.

ಅಮೆರಿಕದವರ ಗಡಿಯಾರದ ಮೇಲೆ ಮಾತ್ರ ರಾಯರಿಗೆ ಸಿಟ್ಟು. 2007ರಿಂದ ಅಲ್ಲಿ ಮಾರ್ಚಿನ ಎರಡನೇ ಭಾನುವಾರ ಮುಳ್ಳನ್ನು ಒಂದು ಗಂಟೆ ಮುಂದಕ್ಕೆ ತಳ್ಳಿ, ನವೆಂಬರಿನ ಮೊದಲ ಭಾನುವಾರ ಹಿಂದಕ್ಕೆಳೆಯುತ್ತಾರೆ. "ನಮ್ಮಲ್ಲಿ ತಿಥಿ ಲೋಪವಾದರೆ ಆಡಿಕೊಳ್ತಾರೆ, ಇವರು ಹಾಡಹಗಲೇ ಗಂಟೆ ನುಂಗ್ತಾರಲ್ರೀ!" ಎಂದು ಗೊಣಗುತ್ತ ಎರಡೂ ದಿನಗಳನ್ನು ಪಂಚಾಂಗದಲ್ಲಿ ಗುರುತುಮಾಡಿಕೊಳ್ಳುತ್ತಾರೆ. ಸಾಹೇಬನ ಬೆಳಗಿನ ಏಳು ಗಂಟೆ ಚಳಿಗಾಲದಲ್ಲಿ ನಮ್ಮ ರಾತ್ರಿ ಎಂಟೂವರೆ, ಬೇಸಿಗೆಯಲ್ಲಿ ಏಳೂವರೆ. ಹಾಗಾಗಿ ಸರಿಯಾಗಿ ರಾಮನವಮಿಯ ಹೊತ್ತಿಗೆ ಆ ಕಾಲು ಸಂಗೀತದ ನಡುವೆ ಬಂದು ಕೂರುತ್ತದೆ. ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದಲ್ಲಿ ಶ್ರೀರಾಮ ಸೇವಾ ಮಂಡಳಿಯ ಕಚೇರಿ. 1939ರಿಂದ ನಡೆದುಬಂದದ್ದು, ದಲ್ಲಾಳಿಗಾಗಿ ಬಿಡಲಾದೀತೆ? ಪೆಂಡಾಲಿನ ಹಿಂದೆ ನಿಂತು, ಒಂದು ಕಿವಿ ಪಲ್ಲವಿಗೆ, ಇನ್ನೊಂದು ಕಿವಿ ಸಾಲದ ಬಡ್ಡಿದರಕ್ಕೆ ಕೊಟ್ಟು ಮಾತಾಡುತ್ತಿದ್ದಾಗ ತನಿ ಆವರ್ತನ ಶುರುವಾಯಿತು. ಸಾಹೇಬ ಕಾಳಜಿಯಿಂದ ಕೇಳಿದ, ಮನೆ ರಿಪೇರಿ ನಡೆಯುತ್ತಿದೆಯೆ? "ಎಸ್ ಸಾರ್, ಇನ್ನೇನು ಮುಕ್ತಾಯಕ್ಕೆ ಬಂತು" ಎಂದು ರಾಯರು ಎಡಗೈಯಲ್ಲಿ ತಾಳ ಹಾಕುತ್ತಲೇ ಉತ್ತರಿಸಿದರು.

ದುಡ್ಡಿಗಾಗಿಯೆ ಇದೆಲ್ಲ? ಪೆನ್ಷನ್ ಬರುತ್ತದೆ, ಮನೆ ಸ್ವಂತದ್ದು, ಮಗಳು ಕೇಳದಿದ್ದರೂ ಕಳಿಸುತ್ತಾಳೆ. ಡಾಲರು ಬಂದಾಗ ಖುಷಿಯಾಗುವುದು ನಿಜ. ಬ್ಯಾಂಕಿಗೆ ಹೋಗಿ ಪರ್ಪಸ್ ಕೋಡ್ ಯಾವುದು ಹಾಕಬೇಕೆಂದು ಕೌಂಟರಿನ ಹುಡುಗಿಗೆ ಅರ್ಧ ಗಂಟೆ ಪಾಠ ಹೇಳುವುದರಲ್ಲಿ ಇನ್ನೂ ಹೆಚ್ಚಿನ ಖುಷಿ. ರೂಪಾಯಿ ಕುಸಿಯಿತೆಂದು ಪೇಪರಿನಲ್ಲಿ ಓದಿದ ದಿನ ದೇಶಭಕ್ತಿಯಿಂದ ನಿಟ್ಟುಸಿರು ಬಿಟ್ಟು, ಕ್ಯಾಲ್ಕುಲೇಟರು ತೆಗೆಯುತ್ತಾರೆ. ಆದರೆ ನನ್ನನ್ನು ಕೇಳಿದರೆ ಅವರು ದುಡಿಯುವುದು 'ಪುರುಸೊತ್ತಿಲ್ಲ' ಎನ್ನುವ ಒಂದು ಮಾತಿಗಾಗಿ. ಬ್ಯಾಂಕು ತುಟ್ಟಿಭತ್ಯೆ ಸಮೇತ ಎಲ್ಲ ಕೊಟ್ಟಿತು, ಅದೊಂದನ್ನು ಮಾತ್ರ ಕೊನೆಯ ದಿನ ಐದು ಗಂಟೆಗೆ ಕಿತ್ತುಕೊಂಡು ಕಳಿಸಿತು. ಅದಾದ ಮೇಲೆ ನಾಮಕರಣಕ್ಕೂ ವೈಕುಂಠ ಸಮಾರಾಧನೆಗೂ ಎಲ್ಲರಿಗಿಂತ ಮೊದಲು ಹೋಗಿ ಕೂರುವ ಗತಿ ಬಂದಿತ್ತು. ಈಗ ನೋಡಿ, ಊಟದ ಎರಡನೇ ಪಂಕ್ತಿಗೆ ಬರುತ್ತಾರೆ, ಮೊಸರನ್ನದ ಹೊತ್ತಿಗೆ ಫೋನು ನೋಡುತ್ತಾರೆ.

ನವೆಂಬರು ಅವರಿಗೆ ವಿಚಿತ್ರ ತಿಂಗಳು. ಪಿಂಚಣಿದಾರರು ಬದುಕಿದ್ದೇವೆಂದು ಆಗ ಪ್ರಮಾಣಪತ್ರ ಕೊಡಬೇಕು. 2014ರಲ್ಲಿ ಜೀವನ್ ಪ್ರಮಾಣ್ ಬಂದ ಮೇಲೆ ಬೆರಳು ಒತ್ತಿದರೆ ಸಾಕು. ಆದರೆ ಟೈಪು ಮಾಡಿ ಮಾಡಿ ಸವೆದ ರಾಯರ ಬೆರಳನ್ನು ಯಂತ್ರ ಗುರುತಿಸಲಿಲ್ಲ. ರಾತ್ರಿ ಸಾಹೇಬ ಎಂದಿನಂತೆ 'ಆರ್ ಯೂ ದೇರ್?' ಎಂದಾಗ, "ಬೆಳಗ್ಗೆಯಿಂದ ಎಲ್ಲರೂ ಅದನ್ನೇ ಕೇಳ್ತಿದಾರೆ ಸಾರ್" ಎಂದರಂತೆ.

ನಿವೃತ್ತಿಯನ್ನು ಹಂತಹಂತವಾಗಿ ಒಗ್ಗಿಸಿಕೊಳ್ಳುವುದು ಎಂಬುದು ರಾಯರ ಯೋಜನೆ. ಅದಕ್ಕೂ ಫೈಲಿದೆ. ಮೊದಲ ವರ್ಷ ವಾರಕ್ಕೆ ಇಪ್ಪತ್ತು ಗಂಟೆ, ಎರಡನೇ ವರ್ಷ ಹತ್ತು, ಮೂರನೇ ವರ್ಷ ಬರೀ ಸಲಹೆ. ಈಗ ಮೂರನೇ ವರ್ಷ, ವಾರಕ್ಕೆ ಮೂವತ್ತು ಗಂಟೆ. "ವಿದ್ಯಾರ್ಥಿ ಭವನಕ್ಕೂ ಶುಕ್ರವಾರ ರಜೆ ಇದೆ, ನಿಮಗಿಲ್ವಲ್ಲ" ಎಂದು ಮನೆಯವರು ಚುಚ್ಚಿದರೆ ರಾಯರು ಮಾಸ್ತಿಯವರನ್ನು ಎಳೆದು ತರುತ್ತಾರೆ. "ಮಾಸ್ತಿಯವರು ನೌಕರಿ ಬಿಟ್ಟ ಮೇಲೆ ಸುಮ್ಮನೆ ಕೂತ್ರಾ? ಪತ್ರಿಕೆ ನಡೆಸಿದ್ರು, ಕಾದಂಬರಿ ಬರೆದ್ರು, 1983ರ ಜ್ಞಾನಪೀಠ ತಗೊಂಡಾಗ ತೊಂಬತ್ತು ದಾಟಿತ್ತು."

"ಮಾಸ್ತಿಯವರು ಸಂಜೆ ಕೊಡೆ ಹಿಡ್ಕೊಂಡು ಕ್ಲಬ್ಬಿಗಾದ್ರೂ ಹೋಗ್ತಿದ್ರು ಕಣ್ರೀ. ನೀವು ಸಂಜೆಯೂ ಇಲ್ಲೇ, ರಾತ್ರಿಯೂ ಇಲ್ಲೇ."

ಅವರ ಕೋಪಕ್ಕೆ ಆಧಾರವಿದೆ. ಕ್ಯಾಲಿಫೋರ್ನಿಯಾದವನಿಗೆ ರಾಯರು ಅಸಿಸ್ಟೆಂಟು, ರಾಯರಿಗೆ ಇವರು. ಕಾಫಿ ಇವರು ತರಬೇಕು, ಕನ್ನಡಕ ಇವರು ಹುಡುಕಬೇಕು, ಪಾಸ್‌ವರ್ಡು ಇವರ ಅಕ್ಕಿ ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿದೆ. ಕಾಲ್ ನಡೆಯುವಾಗ ಕುಕ್ಕರು ಕೂಗಬಾರದು, ಸೊಪ್ಪಿನವಳು ಕೂಗಬಾರದು, ಕಸದ ಆಟೋ ಹಾಡಬಾರದು. ಮೂರನ್ನೂ ನಿಭಾಯಿಸುವವರು ಇವರೇ. ರಾಯರು ಸ್ನಾನಕ್ಕೆ ಹೋಗಿದ್ದಾಗ ಒಮ್ಮೆ ಫೋನೆತ್ತಿ, ಕೊಳ್ಳುವವರ ತಾಯಿಯೊಂದಿಗೆ ಕನ್ನಡದಲ್ಲೇ ಮಾತಾಡಿ, ದೇವರಮನೆ ಎಲ್ಲಿ ಮಾಡಿಕೊಳ್ಳಬಹುದೆಂದು ಹೇಳಿ ವ್ಯಾಪಾರ ಕುದುರಿಸಿದ್ದೂ ಇವರೇ.

ಮೊನ್ನೆ ಸಾಹೇಬನಿಂದ ಪತ್ರ ಬಂತು. ತನಗೂ ಐವತ್ತೆಂಟಾಯಿತು, ನಿಧಾನಕ್ಕೆ ನಿವೃತ್ತಿಗೆ ಹೊಂದಿಕೊಳ್ಳಬೇಕು, ಇದನ್ನು ಇಷ್ಟು ಸೊಗಸಾಗಿ ಮಾಡಿಕೊಂಡವರು ನೀವು, ದಾರಿ ತೋರಿಸಿ. ರಾಯರು ಎರಡು ದಿನ ಕೂತು ಟಿಪ್ಪಣಿ ತಯಾರಿಸಿದರು, ಮೂರು ಅನುಬಂಧ ಸಹಿತ. ರಾತ್ರಿ ಎಂಟರ ಮೇಲೆ ಫೋನು ಮುಟ್ಟಬಾರದು ಎಂಬುದು ಮೊದಲ ಅಂಶ.

"ಗೊತ್ತಿಲ್ಲದ ವಿಷಯ ಯಾಕೆ ಬರೀತೀರಿ?" ಎಂದರು ಮನೆಯವರು.

"ಡ್ರಾಫ್ಟ್ ಮಾಡೋಕೆ ಗೊತ್ತಿರಬೇಕು ಅಂತ ಯಾರು ಹೇಳಿದ್ದು? ಅಷ್ಟು ವರ್ಷ ಕೃಷಿ ಸಾಲದ ಬಗ್ಗೆ ಬರೆದಿಲ್ವಾ?"

ಸಾಹೇಬ ಮರುದಿನವೇ ಒಪ್ಪಿದ. ಇನ್ನು ಮೇಲೆ ವಾರಕ್ಕೆ ಮೂರೇ ದಿನ ಕೆಲಸ ಮಾಡುತ್ತಾನೆ. ಉಳಿದ ದಿನ ಎಲ್ಲವನ್ನೂ ರಾಯರೇ ನೋಡಿಕೊಳ್ಳಬೇಕು. ಹೊರೆ ಹೆಚ್ಚಾದರೆ ಅಲ್ಲೇ ನಂಬಿಕಸ್ಥರೊಬ್ಬರನ್ನು ಸಹಾಯಕ್ಕೆ ಇಟ್ಟುಕೊಳ್ಳಲಿ, ಸಂಬಳ ತಾನೇ ಕೊಡುತ್ತಾನೆ. ರಾಯರು ಇದನ್ನು ಗಟ್ಟಿಯಾಗಿ ಓದಿ, ಯಾರನ್ನು ನೇಮಿಸುವುದೆಂದು ಚಾವಣಿ ನೋಡುತ್ತ ಯೋಚಿಸತೊಡಗಿದರು.

ಅಡುಗೆಮನೆಯಿಂದ ಧ್ವನಿ ಬಂತು. "ಎಷ್ಟು ಕೊಡ್ತಾನಂತೆ, ಕೇಳಿ. ಈಗಲೇ ಬೇಡ, ಆರ್.ಕೆ. ಹೋದ ಮೇಲೆ ಕೇಳಿ."