ಸಾದಾ ಊಟ ಕೆಡಿಸುವ ಕ್ರಮ

ಗದ್ದೆಯಿಂದ ಶುರು ಮಾಡಿ. ಅಡುಗೆಮನೆಯಿಂದ ಶುರು ಮಾಡುವವರು ಈ ವಿದ್ಯೆಯಲ್ಲಿ ಇನ್ನೂ ಎಳಸು. ಒಲೆ ಹಚ್ಚುವ ಹೊತ್ತಿಗೆ ಕೆಡಬೇಕಾದದ್ದರಲ್ಲಿ ಮುಕ್ಕಾಲು ಪಾಲು ಕೆಟ್ಟಿರಬೇಕು. ಉಳಿದ ಕಾಲು ಪಾಲನ್ನು ಕುಕ್ಕರ್ ನೋಡಿಕೊಳ್ಳುತ್ತದೆ.

ನಂದಿಗುಡಿಯಂಥ ಊರಲ್ಲಿ ಇದು ಸುಲಭವಲ್ಲ, ಒಪ್ಪುತ್ತೇನೆ. ಒಂದು ಮಗ್ಗುಲಿಗೆ ತುಂಗಭದ್ರೆ. ಲಕ್ಕವಳ್ಳಿಯಲ್ಲಿ ಬಿಟ್ಟ ಭದ್ರೆಯ ನೀರು ನಾಲೆ ಹಿಡಿದು ಕೊನೆ ಭಾಗದವರಾದ ನಮ್ಮತನಕ ಬಂದು ಮುಟ್ಟಿದ ವರ್ಷ ಗದ್ದೆ ತುಂಬ ಭತ್ತ. ಹಿತ್ತಲಲ್ಲಿ ನುಗ್ಗೆ, ಕರಿಬೇವು. ಕೊಟ್ಟಿಗೆಯಲ್ಲಿ ಎಮ್ಮೆ. ನಾಗಂದಿಗೆ ಮೇಲೆ ಜೋಳದ ಹಿಟ್ಟು, ಗುರೆಳ್ಳು ಪುಡಿ, ಶೇಂಗಾ ಪುಡಿ. ಇಷ್ಟನ್ನೆಲ್ಲ ಕೈಯಳತೆಯಲ್ಲಿ ಇಟ್ಟುಕೊಂಡು ಮನೆಮಂದಿಗೆ ಕೆಟ್ಟ ಊಟ ಹಾಕಬೇಕೆಂದರೆ ಶಿಸ್ತು ಬೇಕು. ಮೂವತ್ತು ವರ್ಷದ ಅನುಭವದ ಮೇಲೆ ಹೇಳುತ್ತಿದ್ದೇನೆ, ಧೈರ್ಯಗೆಡಬೇಡಿ.

ಕೊಯ್ಲು ಮುಗಿದ ಕೂಡಲೇ ಭತ್ತವನ್ನು ಒಂದು ಕಾಳೂ ಬಿಡದೆ ಮಲೇಬೆನ್ನೂರಿನ ಮಿಲ್ಲಿಗೆ ತುಂಬಿ ಕಳಿಸಿ. ಮನೆಗೆಂದು ನಾಲ್ಕು ಚೀಲ ತೆಗೆದಿಡೋ ಎಂದು ಅವ್ವ ಬಂದು ಟ್ರ್ಯಾಕ್ಟರ್ ಪಕ್ಕ ನಿಲ್ಲುತ್ತಾಳೆ. ಒಂದು ಚೀಲದ ಬಾಯಿಯನ್ನು ಹಿಡಿದುಕೊಂಡೇ ನಿಲ್ಲುತ್ತಾಳೆ. "ಇಲಿ ಸಾಕ್ಬೇಕೇನವ್ವ?" ಎಂದು ಕೇಳಿ, ಅವಳ ಬೆರಳು ಬಿಡಿಸಿ, ಆ ಚೀಲವನ್ನೂ ಮೇಲಕ್ಕೆ ಹಾಕಿಸಿ. ತೂಕದ ಚೀಟಿ ಜೇಬಿಗೆ ಇಳಿದ ಮೇಲೆ, ಬಂದ ದುಡ್ಡಲ್ಲೇ ಅಂಗಡಿಯಿಂದ 25 ಕೆಜಿಯ ಅಕ್ಕಿ ಚೀಲ ತನ್ನಿ. ಚೀಲದ ಮೇಲೆ ನವಿಲೋ ಮದುಮಗಳೋ ಇರಲಿ, ಒಳಗಿನ ಅಕ್ಕಿ ಮಾತ್ರ ಕನ್ನಡಿಯ ಹಾಗೆ ಹೊಳೆಯಬೇಕು. ಅಂಗೈಗೆ ಹಾಕಿಕೊಂಡು ಉಜ್ಜಿ ನೋಡಿ. ಬೆರಳಿಗೆ ಸ್ವಲ್ಪ ತೌಡು ಹತ್ತಿದರೂ ವಾಪಸು ಮಾಡಿ.

ಇದರ ಹಿಂದೆ ವಿಜ್ಞಾನ ಇದೆ. ಬಿ1 ಜೀವಸತ್ವ ಇರುವುದು ಹೆಚ್ಚಾಗಿ ಆ ತೌಡಿನಲ್ಲಿ, ಪಾಲಿಶ್ ಕೊಟ್ಟಷ್ಟೂ ಅದು ಉದುರುತ್ತದೆ. ಜಾವಾದಲ್ಲಿ ಐಕ್‌ಮನ್ ಎಂಬ ಡಚ್ ವೈದ್ಯ 1890ರ ದಶಕದಲ್ಲಿ ಒಂದು ಸಂಗತಿ ಕಂಡ: ಬರೀ ಪಾಲಿಶ್ ಅಕ್ಕಿ ತಿಂದ ಕೋಳಿಗಳು ಕಾಲು ಸೋತು ಬೀಳುತ್ತಿದ್ದವು, ತೌಡಿರುವ ಅಕ್ಕಿ ಹಾಕಿದರೆ ಎದ್ದು ಓಡಾಡುತ್ತಿದ್ದವು. 1929ರಲ್ಲಿ ಅವನಿಗೆ ನೊಬೆಲ್ ಬಂತು. ಆದರೆ ಅದು ಕೋಳಿಯ ವಿಷಯ. ನಾವು ಹಗಲೆಲ್ಲ ಕಟ್ಟೆ ಮೇಲೆ ಕೂತೇ ಇರುವವರು. ಕಾಲು ಸೋತರೂ ಗೊತ್ತಾಗುವ ಸಂದರ್ಭ ಬರುವುದಿಲ್ಲ.

ಆ ತೌಡು ಎಲ್ಲಿಗೆ ಹೋಯಿತು ಎಂದು ಚಿಂತೆ ಮಾಡಬೇಡಿ. ಎಣ್ಣೆ ತೆಗೆಯುವ ಕಾರ್ಖಾನೆಗೆ ಹೋಗಿ, ಪ್ಯಾಕೆಟ್ಟಿನ ಮೇಲೆ ಕೆಂಪು ಹೃದಯದ ಚಿತ್ರ ಬರೆಸಿಕೊಂಡು ದಾವಣಗೆರೆಯ ಅಂಗಡಿಗೆ ಬಂದು ಕೂತಿರುತ್ತದೆ. ಅದನ್ನೂ ಕೊಳ್ಳಿ. ಗಂಡನ ಮನೆಗೆ ಹೋದ ಮಗಳು ಹೆರಿಗೆಗೆ ತವರಿಗೆ ಮರಳಿದ ಹಾಗೆ ನಿಮ್ಮ ಗದ್ದೆಯ ತೌಡು ನಿಮ್ಮ ಮನೆಗೇ ಮರಳಿತು, ಖರ್ಚು ಮಾತ್ರ ನಿಮ್ಮದು. ಹಾಲಿಗೂ ಇದೇ ಕ್ರಮ. ಬೆಳಗ್ಗೆ ಕರೆದದ್ದಷ್ಟನ್ನೂ ಡೇರಿಗೆ ಹಾಕಿ. ಸಂಜೆ ಮಕ್ಕಳು ಕೇಳಿದಾಗ, ಉದ್ದ ಬೆಳೆದ ಹುಡುಗನ ಚಿತ್ರವಿರುವ ಡಬ್ಬಿಯಿಂದ ಎರಡು ಚಮಚ ಪುಡಿ ತೆಗೆದು ನೀರಲ್ಲಿ ಕಲಸಿ ಕೊಡಿ.

ಈಗ ರೊಟ್ಟಿಗೆ ಬನ್ನಿ. ನಿಮ್ಮ ದಾರಿಗೆ ಅಡ್ಡ ನಿಂತಿರುವ ದೊಡ್ಡ ಬಂಡೆ ಇದೇ.

ತೊಂದರೆ ಏನೆಂದರೆ ಜೋಳದ ರೊಟ್ಟಿಯಲ್ಲಿ ಕೆಡಿಸಲು ಏನೂ ಇಲ್ಲ. ಕುದಿಯುವ ನೀರು, ಹಿಟ್ಟು, ಮುಗಿಯಿತು. ನಾದಿ ಉಂಡೆ ಹಿಡಿದು, ಹಿಟ್ಟು ಉದುರಿಸಿ, ಅಂಗೈಯಲ್ಲಿ ಬಡಿಯುತ್ತ ತಿರುಗಿಸುತ್ತ ಹೋದರೆ ಅಂಚು ಸೀಳದೆ ಅಗಲವಾಗುತ್ತದೆ. ಹಂಚಿಗೆ ಹಾಕಿ, ಮೇಲೆ ಒದ್ದೆ ಬಟ್ಟೆ ಸವರಿ, ಮಗುಚಿ, ಉರಿಗೆ ಒಡ್ಡಿದರೆ ಉಬ್ಬುತ್ತದೆ. ಎಣ್ಣೆ ಇಲ್ಲ, ಸೋಡಾ ಇಲ್ಲ, ಸಕ್ಕರೆ ಇಲ್ಲ. ಪಕ್ಕದಲ್ಲಿ ಹೆಸರುಕಾಳಿನ ಪಲ್ಯ, ಒಂದು ಹಸಿ ಈರುಳ್ಳಿ, ಪುಡಿ-ಮೊಸರು. ಇಂಥದ್ದನ್ನು ಕೆಡಿಸಲು ಹೋಗಿ ಸಮಯ ಹಾಳು ಮಾಡಬೇಡಿ. ಬಡಿಯುವುದನ್ನೇ ನಿಲ್ಲಿಸಿ.

ನಿಲ್ಲಿಸಲು ಜಗಳ ಬೇಕಾಗಿಲ್ಲ. ಬೆಂಗಳೂರಿನ ನೆಂಟರು ಬಂದಾಗ "ನಮ್ದೇನ್ ಬಿಡ್ರಿ, ಹಳ್ಳಿ ಊಟ" ಎಂದು ಹೆಂಡತಿಗೆ ಕೇಳುವ ಹಾಗೆ ಒಂದು ಮಾತು ಒಗೆಯಿರಿ. ಟಿವಿ ನೋಡುವಾಗ ರೊಟ್ಟಿ ಬಡಿಯುವ ಸದ್ದು ಕೇಳಿಸಿದರೆ ಧ್ವನಿ ಏರಿಸಿ. ನೆಲದ ಮೇಲೆ ಕೂತು ಬಡಿದು ಮೊಣಕಾಲು ಹಿಡಿದಿದೆ ಎಂದು ಆಕೆ ಹೇಳಿದರೆ ಕಟ್ಟೆ ಕಟ್ಟಿಸಬೇಡಿ, "ಹಂಗಾದ್ರೆ ಬಿಡು, ಅನ್ನ ಮಾಡು" ಎಂದು ಉದಾರವಾಗಿ ಹೇಳಿ. ಮುಖ್ಯವಾಗಿ, ನೀವು ಮಾತ್ರ ಯಾವ ಕಾರಣಕ್ಕೂ ರೊಟ್ಟಿ ಬಡಿಯಲು ಕಲಿಯಬೇಡಿ. ಒಮ್ಮೆ ಕಲಿತರೆ ಅದರ ಕಷ್ಟ ಗೊತ್ತಾಗಿ, ಬಾಯಿಂದ ತಾನಾಗಿ ಒಳ್ಳೆಯ ಮಾತು ಬಂದುಬಿಡುವ ಅಪಾಯವಿದೆ.

ರೊಟ್ಟಿ ನಿಂತು ವರ್ಷವಾದ ಮೇಲೆ ಅದೇ ಜೋಳವನ್ನು ಸಿರಿಧಾನ್ಯ ಎಂಬ ಹೆಸರಲ್ಲಿ ಮನೆಗೆ ತನ್ನಿ. ಭಾರತ ಕೇಳಿಕೊಂಡ ಮೇಲೆ ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷ ಎಂದು ಸಾರಿತಲ್ಲ, ಅಂದಿನಿಂದ ಜೋಳಕ್ಕೆ ಪ್ಯಾಂಟು ಶರ್ಟು ಬಂದಿದೆ. ಅವಲಕ್ಕಿಯಂತೆ ಅದುಮಿದ್ದು, ಬಿಸ್ಕತ್ತು, ನೂಡಲ್ಸು, ಯಾವುದಾದರೂ ಸರಿ. ರಾಗಿಯದೂ ಹೀಗೆಯೇ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂ ಮೀರಿ ಕ್ಯಾಲ್ಸಿಯಂ ಇದೆ, ಅಷ್ಟೇ ತೂಕದ ಹಾಲಿನಲ್ಲಿ 120ರ ಆಸುಪಾಸು. ಆದ್ದರಿಂದ ಮುದ್ದೆ ಮಾಡಿಸಬೇಡಿ, ರಾಗಿ ಬಿಸ್ಕತ್ತು ತನ್ನಿ. ಪ್ಯಾಕೆಟ್ಟಿನ ಬೆನ್ನಿನ ಸಣ್ಣಕ್ಷರಕ್ಕೆ ಕನ್ನಡಕ ಹಾಕಬೇಡಿ. ಯಾವುದು ಹೆಚ್ಚಿದೆಯೋ ಅದರ ಹೆಸರು ಮೊದಲು ಬರೆಯಬೇಕೆಂಬುದು ನಿಯಮ. ಎಷ್ಟೋ ಪ್ಯಾಕೆಟ್ಟಿನಲ್ಲಿ ಮೊದಲ ಹೆಸರು ಓದಿದರೆ ನಿಮಗೆ ಸುಮ್ಮನೆ ಬೇಜಾರಾಗುತ್ತದೆ.

ಸೊಪ್ಪು, ತರಕಾರಿಯ ಕೆಲಸ ಸಣ್ಣದು. ಹೆಚ್ಚಿದ ಮೇಲೆ ತೊಳೆಯಿರಿ, ತೊಳೆದು ಹಿಂಡಿ, ಕುದಿಸಿ, ಕುದಿಸಿದ ನೀರನ್ನು ಬಚ್ಚಲಿಗೆ ಚೆಲ್ಲಿ. ನೀರಿನಲ್ಲಿ ಕರಗುವ ಜೀವಸತ್ವವೆಲ್ಲ ಚರಂಡಿಗೆ ಹೋಗಿ ಅಲ್ಲಿನ ಗಿಡ ಚೆನ್ನಾಗಿ ಬರುತ್ತವೆ. ಬೇಳೆ ಬೇಗ ಬೇಯಲೆಂದು ಚಿಟಿಕೆ ಸೋಡಾ ಹಾಕಿ. ಅಕ್ಕಿಯಲ್ಲಿ ತಪ್ಪಿಸಿಕೊಂಡ ಬಿ1 ಏನಾದರೂ ಬೇಳೆಯಲ್ಲಿ ಅಡಗಿದ್ದರೆ ಇಲ್ಲಿ ಸಿಕ್ಕಿಬೀಳುತ್ತದೆ. ಕುಕ್ಕರಿನ ಒಳಗೆ ಹಬೆ 120 ಡಿಗ್ರಿಯ ಹತ್ತಿರ ಹೋಗುತ್ತದೆ, ಕೆಲವೇ ನಿಮಿಷ ಸಾಕು. ಆದರೂ ಸೀಟಿ ಎಣಿಸುವ ಕೆಲಸವನ್ನು ಇಬ್ಬರಿಗೆ ಒಪ್ಪಿಸಿ. ಒಬ್ಬರು ಮೂರು ಎನ್ನಲಿ, ಇನ್ನೊಬ್ಬರು ಐದು ಎನ್ನಲಿ. ವಾದ ಇತ್ಯರ್ಥವಾಗುವಷ್ಟರಲ್ಲಿ ಬೇಳೆ, ತರಕಾರಿ, ಪಾತ್ರೆಯ ತಳ ಎಲ್ಲ ಒಂದೇ ಆಗಿರುತ್ತದೆ.

ಉಪ್ಪು ದಿನಕ್ಕೆ 5 ಗ್ರಾಂ ಒಳಗಿರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಅಂದರೆ ಒಂದು ಟೀ ಚಮಚ. ಸಾರಿಗೆ ಕಮ್ಮಿ ಹಾಕಿಸಿ ಈ ಸಲಹೆಯನ್ನು ಗೌರವಿಸಿ. ಆಮೇಲೆ ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆ ಮೆಣಸಿನಕಾಯಿಯಲ್ಲಿ ಬಾಕಿ ವಸೂಲಿ ಮಾಡಿಕೊಳ್ಳಿ.

ಇಷ್ಟರಲ್ಲಿ ಯಾವುದೋ ಒಂದು ದಿನ ಆಸ್ಪತ್ರೆಯಲ್ಲಿ ನಿಮಗೆ ಸಕ್ಕರೆ ಇದೆ ಎನ್ನುತ್ತಾರೆ. ಗಾಬರಿ ಬೇಡ, ಇದು ಮುಂದಿನ ಹಂತ. ಆ ಭಾನುವಾರವೇ ಸ್ವತಃ ಅಡುಗೆಮನೆಗೆ ಇಳಿಯಿರಿ. "ಇವತ್ತಿಂದ ಮನ್ಯಾಗೆ ಹೆಲ್ದಿ ಊಟ, ಯಾರೂ ಒಳಗೆ ಬರಬ್ಯಾಡ್ರಿ" ಎಂದು ಸಾರಿ. ಹತ್ತು ನಿಮಿಷಕ್ಕೊಮ್ಮೆ ಒಳಗಿನಿಂದ ಕೂಗಿ: ಸಾಸಿವೆ ಎಲ್ಲಿ, ಇಂಗು ಎಲ್ಲಿ, ಇದು ಜೀರಿಗೆಯೋ ಸೋಂಪೋ. ಯೂಟ್ಯೂಬಿನ ಮೊಬೈಲನ್ನು ಸಕ್ಕರೆ ಡಬ್ಬಿಗೆ ಆನಿಸಿ ನಿಲ್ಲಿಸಿ. ಒಂದು ಒಗ್ಗರಣೆಗೆ ಒಂದು ಪಾತ್ರೆ, ಅದನ್ನು ಸುರಿಯಲು ಇನ್ನೊಂದು, ಮುಚ್ಚಲು ಮತ್ತೊಂದು.

ನಾನು ಹೋದ ಶ್ರಾವಣದಲ್ಲಿ ಹೀಗೇ ಓಟ್ಸಿನ ಬಿಸಿಬೇಳೆಬಾತ್ ಮಾಡಿದೆ. ಬೆಳಗ್ಗೆ ಒಂಬತ್ತಕ್ಕೆ ಹಿಡಿದು ಮಧ್ಯಾಹ್ನ ಎರಡಕ್ಕೆ ಇಳಿಸಿದೆ. ಅಷ್ಟರಲ್ಲಿ ಮಕ್ಕಳು ಮಂಡಕ್ಕಿ ಕಲಸಿಕೊಂಡು ತಿಂದು ಮಲಗಿದ್ದರು. ಅವ್ವ ಒಂದು ತುತ್ತು ಬಾಯಿಗಿಟ್ಟು, ನನ್ನ ಮುಖ ನೋಡಿ, ನುಂಗಿದಳು. "ಚಲೋ ಆಗೇತಪ್ಪ," ಎಂದಳು, "ಯಾರಿಗೆ ಹುಷಾರಿಲ್ಲ?" ಉಳಿದದ್ದನ್ನು ಎಮ್ಮೆಯ ಬಾನಿಗೆ ಹಾಕಿದೆವು. ಎಮ್ಮೆ ಮೂಸಿ ಗೋಡೆ ಕಡೆ ಮುಖ ಮಾಡಿತು. ತೊಳೆಯಲು ಬಿದ್ದ ಪಾತ್ರೆ ಹದಿನೇಳು, ಅದನ್ನು ಎಣಿಸಿದವಳು ನಾನಲ್ಲ. ಫೋಟೋ ಮಾತ್ರ ಸ್ಟೇಟಸ್ಸಿಗೆ ಹಾಕಿದ್ದೆ, ಸಂಜೆಯೊಳಗೆ ಅರವತ್ತು ಜನ ನೋಡಿದ್ದರು. ನೀವೂ ಹಾಕಿ. ಮುಂದಿನ ಭಾನುವಾರದ ಬಗ್ಗೆ ಯಾರೂ ಕೇಳುವುದಿಲ್ಲ.

ಇನ್ನು ಹೊರಗಿನ ತಿಂಡಿ. ಮನೆಯಲ್ಲಿ ಅನ್ನದ ಮೇಲೆ ಒಂದು ಚಮಚ ತುಪ್ಪ ಬಿದ್ದರೆ ಕೊಲೆಸ್ಟ್ರಾಲಿನ ಮೇಲೆ ಉಪನ್ಯಾಸ ಕೊಡಿ. ವಾರಕ್ಕೆರಡು ಸಲ ದಾವಣಗೆರೆಯಲ್ಲಿ ಕೆಲಸ ಹಚ್ಚಿಕೊಳ್ಳಿ, ಒಬ್ಬರೇ ಹೋಗಿ. ಬೆಣ್ಣೆ ದೋಸೆಯ ಹೋಟೆಲಿನಲ್ಲಿ ಹಂಚಿಗೆ ಹತ್ತಿರದ ಮೇಜು ಹಿಡಿದರೆ, ದೋಸೆಯ ಮೇಲೆ ಬೆಣ್ಣೆ ಕರಗಿ ಅಂಚಿಗೆ ಇಳಿಯುವುದು ಕಾಣುತ್ತದೆ. ಆಲೂಗಡ್ಡೆ ಪಲ್ಯ, ಬಿಳಿ ಚಟ್ನಿ, ಇನ್ನೊಂದು ದೋಸೆ. ವಾಪಸು ಬರುವಾಗ ಹರಿಹರದಲ್ಲಿ ಇಳಿದು ಮಂಡಕ್ಕಿ ಮೆಣಸಿನಕಾಯಿ. ಬಾಣಲೆಯ ಎಣ್ಣೆ ಯಾವ ಬಣ್ಣದಲ್ಲಿದೆ ಎಂದು ಬಗ್ಗಿ ನೋಡಬೇಡಿ, ಬೆಳಕು ಕಮ್ಮಿ ಇರುವ ಗಾಡಿಯೇ ಒಳ್ಳೆಯದು. ರಾತ್ರಿ ಮನೆಗೆ ಬಂದು, ಆಕೆ ಗಂಗಾಳ ತಂದಿಟ್ಟು, ಸಾರು ಬಿಸಿ ಮಾಡಿ, ಬಡಿಸಿದ ಮೇಲೆ ಹೇಳಿ: ಹಸಿವಿಲ್ಲ. ಬಡಿಸುವ ಮೊದಲೇ ಹೇಳಿದರೆ ಪರಿಣಾಮ ಅರ್ಧಕ್ಕಿಳಿಯುತ್ತದೆ.

ಅಮಾವಾಸ್ಯೆಯನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಅಂದು ಉಕ್ಕಡಗಾತ್ರಿಯ ಅಜ್ಜಯ್ಯನ ದರ್ಶನಕ್ಕೆ ಬಂದ ನೆಂಟರು ಯಾರಾದರೂ ದಾರಿಯಲ್ಲಿ ಸಿಕ್ಕೇ ಸಿಗುತ್ತಾರೆ. "ಉಂಡೇ ಹೋಗ್ರಿ" ಎಂದು ನಾಲ್ವರನ್ನು ಕರೆತನ್ನಿ. ಫೋನ್ ಮಾಡಬೇಡಿ, ಅಥವಾ ಓಣಿಯ ತಿರುವಿಗೆ ಬಂದ ಮೇಲೆ ಮಾಡಿ. ಆರು ಜನಕ್ಕೆ ಇಟ್ಟ ಅನ್ನ ಹತ್ತು ಜನಕ್ಕೆ ಹೇಗೆ ಸಾಲುತ್ತದೆ ಎಂಬುದು ಒಳಗಿನವರ ಲೆಕ್ಕ, ಅದರಲ್ಲಿ ತಲೆ ಹಾಕುವುದು ಗಂಡಸಿಗೆ ಶೋಭೆಯಲ್ಲ.

ಕೊನೆಯದು ಪಂಕ್ತಿಯ ಕ್ರಮ. ಮೊದಲು ನೆಂಟರು ಮತ್ತು ನೀವು, ಆಮೇಲೆ ಮಕ್ಕಳು, ಆಮೇಲೆ ಅವ್ವ. ಪಲ್ಯ ಚೆನ್ನಾಗಿದ್ದರೆ ಮೂರು ಸಲ ಹಾಕಿಸಿಕೊಳ್ಳಿ, ಬೋಗುಣಿಯಲ್ಲಿ ಎಷ್ಟಿದೆ ಎಂದು ನೋಡುವುದು ಸಣ್ಣತನ. ಈ ಕ್ರಮ ನಾನು ಕಂಡುಹಿಡಿದದ್ದಲ್ಲ, ರಾಜ್ಯದ ತುಂಬ ಪರೀಕ್ಷೆ ಆಗಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕರ್ನಾಟಕದ ಹೆಂಗಸರ ರಕ್ತ ತೆಗೆದು ನೋಡಿದಾಗ, 15ರಿಂದ 49 ವಯಸ್ಸಿನವರಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ರಕ್ತಹೀನತೆ ಇತ್ತು. ಊಟದ ಬೆನ್ನಿಗೇ ಚಹಾ ಕುಡಿದರೆ ಅದರ ಟ್ಯಾನಿನ್ ಸೊಪ್ಪು-ಕಾಳಿನ ಕಬ್ಬಿಣವನ್ನು ರಕ್ತಕ್ಕೆ ಸೇರದಂತೆ ತಡೆಯುತ್ತದೆ. ಊಟದ ಹಿಂದೆ ಮುಂದೆ ಒಂದೊಂದು ತಾಸು ಬಿಡಿ ಎಂದು ಹೈದರಾಬಾದಿನ ಪೌಷ್ಟಿಕ ಆಹಾರ ಸಂಸ್ಥೆಯವರು 2024ರಲ್ಲಿ ಹೇಳಿದ್ದಾರೆ. ಹಾಗಾಗಿ ಕೈ ತೊಳೆದವರೇ ಎಲ್ಲರಿಗೂ ಚಹಾ ಮಾಡಿಸಿ. ಆಕೆ ಸೋಸುವಾಗ "ನಿಂಗೂ ಒಂದು ಗುಟುಕು ಹಾಕ್ಕೋ" ಎಂದು ಪ್ರೀತಿಯಿಂದ ಒತ್ತಾಯ ಮಾಡಿ.

ನೆಂಟರನ್ನು ಬಸ್ಸಿಗೆ ಹತ್ತಿಸಿ ಬಂದು ಪಡಸಾಲೆಯಲ್ಲಿ ಕಾಲು ಚಾಚಿ. ಗಂಟೆ ಹತ್ತೂವರೆ ಆಗಿರುತ್ತದೆ. ಆಕೆ ಒಲೆಯ ಪಕ್ಕ ಗೋಡೆಗೊರಗಿ ಕೂತು, ತಳ ಹಿಡಿದ ಅನ್ನಕ್ಕೆ ಮಜ್ಜಿಗೆ ಸುರಿದುಕೊಂಡು, ಗುರೆಳ್ಳು ಪುಡಿಯ ಡಬ್ಬಿಯನ್ನು ಅಂಗೈಗೆ ತಟ್ಟುತ್ತಿರುತ್ತಾಳೆ. ಪುಡಿ ಮುಗಿದಿದೆ. ಮೊದಲ ತುತ್ತು ಬಾಯಿಗೆ ಹೋಗುವ ತನಕ ಕಾಯಿರಿ, ಆಮೇಲೆ ಕೂಗಿ: "ಏ, ಒಂದು ಚೊಂಬು ನೀರು ತಾ. ಸಾರಿಗೆ ಯಾಕೋ ಉಪ್ಪು ಕಮ್ಮಿ ಆಗಿತ್ತು."